ಸೆಮಿಫೈನಲ್‌ಗೆ ಮುಂಚೆ ಅಕ್ಕನ ಮನೆಯ ಊಟ

ಒಂದು ತಂಡವನ್ನು ಪರವೂರಿಗೆ ಕರೆದೊಯ್ದು, ಎರಡು ದಿನ ಆಡಿಸಿ, ಮರಳಿ ಮನೆ ಮುಟ್ಟಿಸುವುದರಲ್ಲಿ ಅಂಥ ಕಷ್ಟವೇನಿದೆ ಎಂದು ನಾನು ತಿಳಿದಿದ್ದೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸೀರೆ ಅಂಗಡಿ ನಡೆಸುವವನು ನಾನು. ಮದುವೆ ಜವಳಿಗೆ ಬಂದ ಗಂಡಿನ ಕಡೆಯವರನ್ನೂ ಹೆಣ್ಣಿನ ಕಡೆಯವರನ್ನೂ ಒಂದೇ ಗಾದಿಯ ಮೇಲೆ ಕೂರಿಸಿ, ಒಂದು ಕಟುಮಾತೂ ಹುಟ್ಟದಂತೆ ಕಳಿಸಿಕೊಟ್ಟವನು. ಅಂಥವನಿಗೆ ಒಂಬತ್ತು ಮಂದಿ ಹಾಕಿ ಆಟಗಾರರು ಯಾವ ಲೆಕ್ಕ!

ನಮ್ಮದು ಬಾಲ್ ಹಾಕಿ. ಹುಲ್ಲು ಬೇಡ, ಟರ್ಫ್ ಬೇಡ. ಪ್ರತಿ ರವಿವಾರ ಬೆಳಿಗ್ಗೆ ಶಾಲೆಯೊಂದರ ಸಿಮೆಂಟ್ ಅಂಗಳ, ಕೈಯಲ್ಲಿ ಹಾಕಿ ಕೋಲು, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೆಂಡು, ಎರಡು ತುದಿಗೆ ಕಬ್ಬಿಣದ ಪೈಪಿನ ಗೋಲು. ಒಂದೊಂದು ಕಡೆಗೆ ಆರಾರು ಜನ. ಆಟ ಅರ್ಧ ತಾಸು. ಆಮೇಲೆ ಚಹಾ, ಮಿರ್ಚಿ ಭಜಿ ಒಂದೂವರೆ ತಾಸು. ನಮ್ಮಲ್ಲಿ ನಲವತ್ತರ ಕೆಳಗಿನವರು ಇಬ್ಬರೇ. ಹೊಟ್ಟೆ ಬರದವರು ಯಾರೂ ಇಲ್ಲ. ನಾನು ಈ ತಂಡದ ಮ್ಯಾನೇಜರ್ ಹಾಗೂ ಮೀಸಲು ಆಟಗಾರ. ಬೇರೆ ಯಾರೂ ನಿಲ್ಲುವ ಸ್ಥಿತಿಯಲ್ಲಿ ಇಲ್ಲದಾಗ ಮಾತ್ರ ನನ್ನನ್ನು ಕಣಕ್ಕಿಳಿಸತಕ್ಕದ್ದು ಎಂಬುದು ತಂಡದ ಅಲಿಖಿತ ನಿಯಮ.

ಈ ಸಂಘದಲ್ಲಿ ನಿಜವಾದ ಆಟಗಾರ ಒಬ್ಬರೇ, ಗೋಲ್‌ಕೀಪರ್ ದಸ್ತಗೀರ್ ಭಾಯ್. ಐವತ್ತೆರಡು ವರ್ಷದ ಬೈಕ್ ಮೆಕ್ಯಾನಿಕ್. ನನ್ನ ಅಂಗಡಿಯ ಹಿಂದಿನ ಓಣಿಯಲ್ಲೇ ಅವರ ಗ್ಯಾರೇಜು. ಇಪ್ಪತ್ತು ವರ್ಷ ಗೋಲಿನಲ್ಲಿ ನಿಂತರೂ ಅವರು ಒಂದೇ ಒಂದು ಫೈನಲ್ ಆಡಿದವರಲ್ಲ. ಅವರ ಮುಂದೆ ನಿಂತವರು ನಾವಾಗಿದ್ದೇ ಅದಕ್ಕೆ ಕಾರಣ. ಈಗ ಅವರ ಬಲ ಮೊಣಕಾಲು ಪೂರ್ತಿ ಸವೆದು, ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅದಾದ ಮೇಲೆ ಆಟದ ಮಾತೇ ಎತ್ತಬೇಡಿ ಎಂದು ಡಾಕ್ಟರು ಖಡಕ್ಕಾಗಿ ಹೇಳಿದ್ದರು. ಆಪರೇಷನ್ನಿಗೆ ನಾಲ್ಕು ದಿನ ಮೊದಲು ಬೆಳಗಾವಿಯಲ್ಲಿ ಶನಿವಾರ, ರವಿವಾರ ಎರಡು ದಿನದ ಟೂರ್ನಮೆಂಟ್ ಇತ್ತು.

"ಒಂದ್ ಫೈನಲ್ ಆಡೋದಿತ್ತು ಸಾವ್ಕಾರ್ರ," ಎಂದರು ಭಾಯ್, ನನ್ನ ಸ್ಕೂಟರಿನ ಪ್ಲಗ್ ತಿಕ್ಕುತ್ತ. "ಸೋತರೂ ಅಡ್ಡಿ ಇಲ್ಲ. ಆಡಿದ್ರ ಸಾಕು."

ಫೈನಲ್ ನನ್ನ ಜವಾಬ್ದಾರಿ, ನೀವು ಬರೀ ಬಂದು ನಿಲ್ಲಿ ಎಂದು ಎದೆ ಮುಟ್ಟಿಕೊಂಡು ಹೇಳಿಬಿಟ್ಟೆ. ಸೀರೆಗೆ ಬಣ್ಣ ಹೋಗುವುದಿಲ್ಲ ಎಂದು ಹೇಳುವಾಗಲೂ ನಾನು ಹೀಗೇ ಎದೆ ಮುಟ್ಟಿಕೊಳ್ಳುತ್ತೇನೆ. ಅದು ಭಾಯ್‌ಗೂ ಗೊತ್ತಿತ್ತು, ಪಾಪ.

ಮನೆಯಲ್ಲಿ ಹೆಂಡತಿ ಸುನಂದಾ ಅವಲಕ್ಕಿ ಚೂಡಾದ ಡಬ್ಬಿ ಕಟ್ಟಿಕೊಡುತ್ತ ಒಂದೇ ಒಂದು ಎಚ್ಚರಿಕೆ ಕೊಟ್ಟಳು. ಬೆಳಗಾವಿಯಲ್ಲಿ ನನ್ನ ಶಾಂತಕ್ಕನ ಮನೆಯಿದೆ. "ಅಕ್ಕಾರಿಗೆ ಬಂದದ್ದು ಮೊದಲ ತಿಳಿಸಬ್ಯಾಡ್ರಿ. ಆಟ ಎಲ್ಲಾ ಮುಗದ ಮ್ಯಾಲ ಹೋಗಿ ಕಾಲಿಗೆ ಬಿದ್ದು ಬರ್ರಿ," ಎಂದಳು. ನನಗೇನು ಇಷ್ಟೂ ತಿಳಿಯುವುದಿಲ್ಲವೇ ಎಂದು ನಾನು ಸ್ವಲ್ಪ ಗದರಿಯೇ ಹೇಳಿದೆ.

ಶನಿವಾರ ಬೆಳಿಗ್ಗೆ ಟೆಂಪೋ ಹೊರಟಿತು. ಮ್ಯಾನೇಜರ್ ಆದವನು ಒಂದು ಫೋಟೋ ತೆಗೆಯದಿದ್ದರೆ ಹೇಗೆ? ಎಲ್ಲರನ್ನೂ ನಿಲ್ಲಿಸಿ, ಕೋಲು ಎತ್ತಿಸಿ, ಫೋಟೋ ತೆಗೆದು, "ಬೆಳಗಾವಿ ದಂಡಯಾತ್ರೆ" ಎಂದು ಬರೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಧಾರವಾಡ ದಾಟಿತು, ಗರಗದ ಕ್ರಾಸು ದಾಟಿತು, ಹಾಡು ಜೋರಾಯಿತು. ಕಿತ್ತೂರಿನ ಹತ್ತಿರ ಭಾಯ್ ಮೆಲ್ಲಗೆ ನನ್ನ ಭುಜ ತಟ್ಟಿ, ತಮ್ಮ ಪ್ಯಾಡಿನ ಚೀಲ ಎಲ್ಲಿದೆ ಎಂದು ಕೇಳಿದರು.

ಚೀಲ ಬಹಳ ಸುರಕ್ಷಿತವಾಗಿತ್ತು. ಹಿಂದಿನ ದಿನ ಅದನ್ನು ನನ್ನ ಕೈಗೆ ಕೊಟ್ಟಿದ್ದರು. ಕಳೆಯಬಾರದೆಂದು ನಾನೇ ಅದನ್ನು ಅಂಗಡಿಯ ಮಾಳಿಗೆಯಲ್ಲಿ, ಇಳಕಲ್ ಸೀರೆಯ ಗಂಟುಗಳ ಹಿಂದೆ ಇಟ್ಟು, ಬೀಗ ಹಾಕಿ, ಬೀಗವನ್ನು ಎರಡು ಸಲ ಜಗ್ಗಿ ನೋಡಿದ್ದೆ. ಜಗತ್ತಿನ ಯಾವ ಕಳ್ಳನಿಗೂ ಸಿಗುವಂತಿರಲಿಲ್ಲ. ನಮಗೂ ಸಿಗುವಂತಿರಲಿಲ್ಲ.

ಟೆಂಪೋದಲ್ಲಿ ಹಾಡು ನಿಂತಿತು. ಎಲ್ಲರೂ ನನ್ನನ್ನು ನೋಡಿದ ರೀತಿಗೆ ನಾನು ಅಲ್ಲೇ ಇಳಿದು ನಡೆದೇ ಹುಬ್ಬಳ್ಳಿಗೆ ಹೋಗಬಹುದಿತ್ತು. ಭಾಯ್ ಮಾತ್ರ ಸ್ವಲ್ಪ ಹೊತ್ತು ತಾವು ಕೂತ ಸೀಟನ್ನು ಒತ್ತಿ ಒತ್ತಿ ನೋಡಿದರು. ಬೆಳಗಾವಿ ಮುಟ್ಟಿದ ಮೇಲೆ ಡ್ರೈವರನಿಂದ ನಟ್ಟು ಬಿಚ್ಚುವ ಪಾನಾ ಇಸಿದುಕೊಂಡು, ಹಿಂದಿನ ಎರಡು ಸೀಟಿನ ಗಾದಿ ಬಿಚ್ಚಿ, ಹಳೆಯ ಟ್ಯೂಬಿನ ಪಟ್ಟಿಯಿಂದ ಕಾಲಿಗೆ ಕಟ್ಟಿಕೊಂಡರು. ಗಾಡಿಯ ಮಾಲೀಕನಿಗೆ ಏನು ಹೇಳಲಿ ಎಂದು ಡ್ರೈವರ್ ತಲೆಯ ಮೇಲೆ ಕೈ ಹೊತ್ತು ಕೂತ. ಮೈದಾನದಲ್ಲಿ ಜನ ನಕ್ಕರು. ಮೊದಲ ಮ್ಯಾಚಿನಲ್ಲಿ ಭಾಯ್ ಒಂಬತ್ತು ಹೊಡೆತ ತಡೆದ ಮೇಲೆ ನಗುವುದನ್ನು ಬಿಟ್ಟರು.

ಶನಿವಾರದ ಎರಡೂ ಮ್ಯಾಚು ಗೆದ್ದೆವು. ರವಿವಾರ ಬೆಳಿಗ್ಗೆ ಕ್ವಾರ್ಟರ್ ಫೈನಲ್ಲೂ ಗೆದ್ದೆವು. ನಮ್ಮವರು ಹೇಗೋ ತಿಣುಕಿ ಒಂದು ಗೋಲು ಹೊಡೆಯುವುದು, ಆಮೇಲೆ ಉಳಿದದ್ದನ್ನೆಲ್ಲ ಭಾಯ್ ತಡೆಯುವುದು. ಸೆಮಿಫೈನಲ್ ಮಧ್ಯಾಹ್ನ ಮೂರಕ್ಕೆ, ಫೈನಲ್ ಐದಕ್ಕೆ. ಇನ್ನೊಂದೇ ಮೆಟ್ಟಿಲು! ನಾನು ಮನಸ್ಸಿನಲ್ಲೇ ನನ್ನ ವ್ಯವಸ್ಥಾಪನಾ ಕೌಶಲವನ್ನು ಅಭಿನಂದಿಸಿಕೊಳ್ಳುತ್ತಿದ್ದಾಗ ಫೋನು ಬಂತು. ಶಾಂತಕ್ಕ. ಅವಳು ನನ್ನ ಸ್ಟೇಟಸ್ ನೋಡಿದ್ದಳು.

"ಊರಿಗೆ ಬಂದು ಮನಿಗೆ ಬರದ ಹೋಗಾವಿದ್ದೇನು ಪ್ರಕಾಶ? ಹಂಗಾದ್ರ ಇನ್ನ ಮ್ಯಾಲ ನನಗ ಅಕ್ಕ ಅನಬ್ಯಾಡ," ಎಂದಳು.

ಆಟವಿದೆ ಎಂದೆ. ಬರೇ ಚಹಾ ಎಂದಳು. ಹತ್ತು ಜನ ಇದ್ದೇವೆ ಎಂದೆ. ಹತ್ತು ಕಪ್ಪು ಇವೆ ಎಂದಳು. ಉಣ್ಣದೆ ಬಂದರೆ ಸಿಟ್ಟಾಗುವ ಅಕ್ಕಂದಿರು ಇದ್ದವರಿಗೆ ಮಾತ್ರ ನನ್ನ ಸಂಕಟ ಅರ್ಥವಾಗುತ್ತದೆ. ಮೈದಾನದಿಂದ ಅವಳ ಮನೆ ಹತ್ತು ಮಿನಿಟಿನ ದಾರಿ. ಹೋಗಿ, ಮುಖ ತೋರಿಸಿ, ಚಹಾ ಕುಡಿದು ಬರುವುದು ಎಂದು ತೀರ್ಮಾನಿಸಿ ಟೆಂಪೋ ಹತ್ತಿಸಿದೆ.

ಬಾಗಿಲಲ್ಲೇ ಹೂರಣದ ವಾಸನೆ ಮೂಗಿಗೆ ಬಡಿಯಿತು. ಒಳಗೆ ಸಾಲಾಗಿ ಹತ್ತು ಬಾಳೆಎಲೆ ಹಾಕಿದ್ದಳು. ಹೋಳಿಗೆ, ತುಪ್ಪ, ಕಟ್ಟಿನ ಸಾರು, ಎಣ್ಣೆಗಾಯಿ, ಕೋಸಂಬರಿ, ಚಿತ್ರಾನ್ನ, ಸಂಡಿಗೆ. ಚಹಾ ಎಲ್ಲಿಯೂ ಕಾಣಲಿಲ್ಲ.

ಒಬ್ಬೊಬ್ಬರು ಎರಡೆರಡೇ ಹೋಳಿಗೆ ಎಂದು ನಾನು ಮ್ಯಾನೇಜರನ ದನಿಯಲ್ಲಿ ಆಜ್ಞೆ ಮಾಡಿದೆ. ಆದರೆ ನಮ್ಮ ಕಡೆ ಬಡಿಸುವವರ ಪದ್ಧತಿ ನಿಮಗೆ ಗೊತ್ತಲ್ಲ. ಮೊದಲಿನ ಎರಡು ಲೆಕ್ಕಕ್ಕಿಲ್ಲ. ಆಮೇಲೆ ಅಕ್ಕನ ಕೈಯಿಂದ ಒಂದು, ಆಕೆಯ ಸೊಸೆಯ ಕೈಯಿಂದ ಒಂದು. ಸೊಸೆಯದು ತಿಂದು ನಂದು ಬಿಡ್ತೀರೇನು ಎಂದು ಮತ್ತೆ ಅಕ್ಕನದು ಒಂದು. ಎಲೆಗೆ ಕೈ ಅಡ್ಡ ಹಿಡಿದವರ ಕೈಯ ಮೇಲೇ ತುಪ್ಪ ಬಿತ್ತು. ನಮ್ಮ ಬ್ಯಾಕ್ ಗಿರೀಶ, ತಂಡದ ಕೋಟೆಗೋಡೆ ಎಂದು ನಾವು ಕರೆಯುತ್ತಿದ್ದವನು, ಏಳು ತಿಂದು ಕಣ್ಣಲ್ಲಿ ನೀರು ತಂದುಕೊಂಡ. ನಾನು? ನಾನು ಅಕ್ಕನ ಸ್ವಂತ ತಮ್ಮ. ನನ್ನದು ಎಣಿಕೆಗೆ ಸಿಗಲಿಲ್ಲ.

ದಸ್ತಗೀರ್ ಭಾಯ್ ಅರ್ಧ ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು, "ಅಕ್ಕಾರ, ಮೂರಕ್ಕ ಆಟ ಐತ್ರಿ. ಇಷ್ಟ ಸಾಕು," ಎಂದು ಕೈಮುಗಿದರು. ಅಕ್ಕ ಸರಿ ಎಂದು ಮುಂದೆ ಹೋದಳು. ಅಷ್ಟೇ! ಇಷ್ಟು ಸರಳವಾಗಿ ಬೇಡ ಎನ್ನಬಹುದೆಂದು ನಮ್ಮ ಒಂಬತ್ತು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಮೂರಕ್ಕೆ ಮೈದಾನಕ್ಕೆ ಬಂದಾಗ ನಮ್ಮ ತಂಡ ತಂಡವಾಗಿ ಉಳಿದಿರಲಿಲ್ಲ. ಎದುರಿನವರು ಕಾಲೇಜು ಹುಡುಗರು, ಬಾಳೆಹಣ್ಣು ತಿಂದು ಬಂದಿದ್ದರು. ಸೀಟಿ ಊದಿದ್ದೇ ತಡ, ಚೆಂಡು ನಮ್ಮ ಕಡೆಯಿಂದ ಆಚೆಗೆ ಹೋಗಲೇ ಇಲ್ಲ. ನಮ್ಮವರು ಓಡಬೇಕಾದಲ್ಲಿ ನಡೆದರು, ನಡೆಯಬೇಕಾದಲ್ಲಿ ಕೋಲು ಊರಿ ನಿಂತು ತೇಗಿದರು. ಭಾಯ್ ಒಬ್ಬರೇ ಟೆಂಪೋದ ಗಾದಿ ಕಟ್ಟಿಕೊಂಡು ಎಡಕ್ಕೆ ಬಿದ್ದರು, ಬಲಕ್ಕೆ ಬಿದ್ದರು, ಎದ್ದರು, ಮತ್ತೆ ಬಿದ್ದರು. ನಾನು ಬೇವಿನ ಗಿಡದ ನೆರಳಿನ ಬೆಂಚಿನಲ್ಲಿ ಕೂತು ಶಭಾಷ್ ಭಾಯ್, ಶಭಾಷ್ ಭಾಯ್ ಎನ್ನುತ್ತಿದ್ದೆ. ಮೂರನೆಯ ಶಭಾಷ್ ನನಗೆ ನೆನಪಿಲ್ಲ.

ಯಾರೋ ನನ್ನನ್ನು ಅಲುಗಾಡಿಸಿದರು. ಗಿರೀಶನ ಕಾಲು ಹಿಡಿದುಕೊಂಡಿತ್ತು. ಅವನು ಗೆರೆಯ ಹೊರಗೆ ಅಂಗಾತ ಮಲಗಿ ದೇವರನ್ನು ಕರೆಯುತ್ತಿದ್ದ. ಹೊರಗೆ ಕೂತಿದ್ದ ಉಳಿದ ಮೂವರೂ ಗೋಡೆಯ ಹಿಂದೆ ಹೋಗಿ ಹೋಳಿಗೆಯನ್ನು ವಾಪಸು ಮಾಡುತ್ತಿದ್ದರು. ನಿಲ್ಲುವ ಸ್ಥಿತಿಯಲ್ಲಿದ್ದವನು ನಾನೊಬ್ಬನೇ. ಇನ್ನೆರಡು ಮಿನಿಟು, ಎರಡೂ ಕಡೆ ಗೋಲಿಲ್ಲ ಎಂದರು. ಹಾಗೇ ಮುಗಿದರೆ ಪೆನಾಲ್ಟಿ ಹೊಡೆತಗಳು. ಪೆನಾಲ್ಟಿಯಲ್ಲಿ ಭಾಯ್‌ರನ್ನು ಮೀರಿಸುವವರು ಆ ಮೈದಾನದಲ್ಲಿ ಯಾರೂ ಇರಲಿಲ್ಲ. ಅಂದರೆ ಫೈನಲ್ ಗ್ಯಾರಂಟಿ. ನಾನು ಮಾಡಬೇಕಾದದ್ದು ಎರಡು ಮಿನಿಟು ಸುಮ್ಮನೆ ನಿಲ್ಲುವುದು. ನನ್ನನ್ನು ಒಳಗೆ ನೂಕುವಾಗ ನಮ್ಮ ತಂಡದ ನಾಯಕ ಇದೊಂದನ್ನೇ ಎರಡೆರಡು ಸಲ ಹೇಳಿದ.

ಅವನು ಹೇಳದೇ ಬಿಟ್ಟದ್ದು ಒಂದಿತ್ತು. ಅರ್ಧ ಆಟ ಮುಗಿದಾಗ ಎರಡೂ ತಂಡಗಳು ಬದಿ ಬದಲಾಯಿಸಿದ್ದವು. ಅದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ಆಗ ನಾನು ನಿದ್ದೆಯಲ್ಲಿದ್ದೆ.

ಕಣ್ಣುಜ್ಜಿಕೊಳ್ಳುತ್ತ ನಿಂತಿದ್ದೆ. ಹುಡುಗನೊಬ್ಬ ಚೆಂಡು ಹೊಡೆದುಕೊಂಡು ಗಾಳಿಯ ಹಾಗೆ ನನ್ನನ್ನು ದಾಟಿದ. ಗೋಲ್‌ಕೀಪರ್ ಮುಂದಕ್ಕೆ ಓಡಿ ಬಂದು, ಸಿಮೆಂಟಿನ ಮೇಲೆ ಉದ್ದಕ್ಕೆ ಜಾರಿ ಅದನ್ನು ತಡೆದ. ಅದ್ಭುತವಾಗಿ ತಡೆದ. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಚೆಂಡು ಉರುಳಿ ಉರುಳಿ ಸೀದಾ ನನ್ನ ಕೋಲಿಗೆ ಬಂತು. ತಲೆಯೆತ್ತಿದೆ. ನನ್ನ ಮುಂದೆ ಗೋಲು. ಖಾಲಿ ಗೋಲು!

ಇಪ್ಪತ್ತು ವರ್ಷದಲ್ಲಿ ನಾನು ಖಾಲಿ ಗೋಲು ನೋಡಿದವನಲ್ಲ. ಹುಟ್ಟಿದಾಗಿನಿಂದ ಇದಕ್ಕೇ ಕಾದಿದ್ದೆ ಅನ್ನಿಸಿತು. ಎರಡೂ ಕೈಯಿಂದ ಕೋಲೆತ್ತಿ ಬಾರಿಸಿದೆ. ಅಂಥ ಹೊಡೆತ ನನ್ನಿಂದ ಹಿಂದೆ ಬಂದಿರಲಿಲ್ಲ, ಮುಂದೆ ಬರುವುದೂ ಇಲ್ಲ. ಬಲೆ ಝಲ್ಲೆಂದಿತು. ನಾನು ಕೋಲು ಎಸೆದು, ಎರಡೂ ತೋಳು ಚಾಚಿ, ನಾವು ಫೈನಲ್, ನಾವು ಫೈನಲ್ ಎಂದು ಕೂಗುತ್ತ ಮೈದಾನವನ್ನು ಅರ್ಧ ಸುತ್ತು ಹಾಕಿದೆ. ಕಾಲೇಜು ಹುಡುಗರು ನನ್ನ ಜೊತೆಗೇ ಕುಣಿಯುತ್ತಿದ್ದರು. ಎಂಥ ಒಳ್ಳೆಯ ಹುಡುಗರು, ಸೋತರೂ ಎಷ್ಟು ದೊಡ್ಡ ಮನಸ್ಸು ಅಂದುಕೊಂಡೆ.

ಆಮೇಲೆ ನೆಲದ ಮೇಲಿದ್ದ ಗೋಲ್‌ಕೀಪರ್ ಎದ್ದು ಕೂತದ್ದು ಕಂಡಿತು. ಕಾಲಿಗೆ ಟೆಂಪೋದ ಗಾದಿ ಇತ್ತು.

"ಸಾವ್ಕಾರ್ರ," ಎಂದರು ದಸ್ತಗೀರ್ ಭಾಯ್, ಬಹಳ ಮೆತ್ತಗೆ. "ಯಾಕ್ ಕುಣ್ಯಾಕತ್ತೀರಿ?"

ನಾನು ಕುಣಿಯುವುದನ್ನು ನಿಲ್ಲಿಸಿದೆ. ಎತ್ತಿದ ತೋಳನ್ನು ಇಳಿಸುವುದು ಇಷ್ಟು ಕಷ್ಟದ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಆಟ ಮುಗಿದ ಸೀಟಿ ಕೇಳಿಸಿತು. ಧ್ವನಿವರ್ಧಕದವನು ಇದು ಟೂರ್ನಮೆಂಟಿನ ಅತ್ಯುತ್ತಮ ಗೋಲು ಎಂದು ಹೊಗಳಿ, ನನ್ನ ಹೆಸರು ಕೇಳಿ ತಿಳಿದುಕೊಂಡು ಮತ್ತೊಮ್ಮೆ ಹೊಗಳಿದ.

ಐದು ಗಂಟೆಗೆ ಅತ್ತ ಫೈನಲ್ ಶುರುವಾಯಿತು. ಇತ್ತ ಭಾಯ್ ಟೆಂಪೋದ ಹಿಂದೆ ಕೂತು ಕಾಲಿನ ಪಟ್ಟಿ ಬಿಚ್ಚುತ್ತಿದ್ದರು. ಡ್ರೈವರ್ ಗಾದಿಗಾಗಿ ಕಾಯುತ್ತಿದ್ದ. ಭಾಯ್ ಮೊಣಕಾಲು ಊದಿದ್ದರೂ ಕುಂಟುತ್ತ ಹೋಗಿ, ಎರಡೂ ಗಾದಿಯ ಧೂಳು ಜಾಡಿಸಿ, ಮತ್ತೆ ಸೀಟಿಗೆ ಕೂರಿಸಿ ನಟ್ಟು ಬಿಗಿದರು. ನಾನು ಒಂದೊಂದೇ ನಟ್ಟು ಕೈಗೆ ಕೊಡುತ್ತ ನಿಂತೆ. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ನಲವತ್ತೆಂಟರ ವಯಸ್ಸಿನ ವ್ಯಾಪಾರಿ, ಬೆಳಗಾವಿಯ ಮೈದಾನದಲ್ಲಿ ಟೆಂಪೋದ ಹಿಂದೆ ನಿಂತು ಅತ್ತುಬಿಟ್ಟೆ. ಭಾಯ್ ಪಾನಾ ಕೆಳಗಿಟ್ಟು, ಗ್ರೀಸಿನ ಕೈಯಲ್ಲೇ ನನ್ನ ಬೆನ್ನು ಸವರಿದರು. ಊರು ಮುಟ್ಟುವವರೆಗೆ ಟೆಂಪೋದಲ್ಲಿ ಯಾರೂ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಸುನಂದಾ ಬಾಗಿಲು ತೆಗೆದು ನನ್ನ ಮುಖ ನೋಡಿ, ಅಕ್ಕ ಏನು ಮಾಡಿದ್ದರು ಎಂದಷ್ಟೇ ಕೇಳಿದಳು. ಹೋಳಿಗೆ ಎಂದೆ.

ಆಪರೇಷನ್ ಚೆನ್ನಾಗಿ ಆಯಿತು. ಮೂರನೆಯ ದಿನ ಮೋಸಂಬಿ ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಬಾಗಿಲಲ್ಲಿ ಹತ್ತು ಮಿನಿಟು ಹಿಂದೆಮುಂದೆ ನೋಡಿ, ಕೊನೆಗೆ ಧೈರ್ಯ ಮಾಡಿ ಒಳಗೆ ಕಾಲಿಟ್ಟೆ. ಭಾಯ್ ದಿಂಬಿಗೆ ಒರಗಿ ಕೂತಿದ್ದರು. ನರ್ಸಮ್ಮ ಮೊಣಕಾಲಿನ ಪಟ್ಟಿ ಬದಲಿಸುತ್ತಿದ್ದರು. ನನ್ನನ್ನು ಕಂಡದ್ದೇ ಭಾಯ್‌ರ ಮುಖ ಅರಳಿತು. ಆ ನಗು ನೋಡಿ ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಸಿಸ್ಟರ್, ಹೇಳಿದ್ನಲ್ರಿ, ಇಪ್ಪತ್ತು ವರ್ಷ ಗೋಲಿನ್ಯಾಗ ನಿಂತೇನಿ ಅಂತ," ಎಂದರು ಹೆಮ್ಮೆಯಿಂದ. "ಕಡೀ ಮ್ಯಾಚಿನ್ಯಾಗ ನನಗ ಗೋಲು ಹೊಡದಾವ್ರು ಇವರ ನೋಡ್ರಿ."

ನರ್ಸಮ್ಮ ನನ್ನನ್ನು, ನನ್ನ ಹೊಟ್ಟೆಯನ್ನು ಗೌರವದಿಂದ ನೋಡಿದರು. "ಹೌದೇನ್ರಿ? ಎದುರಿನ ಟೀಮಿನವರೇನ್ರಿ ಇವರು?"

ಭಾಯ್ ನನ್ನನ್ನು ಬಹಳ ಹೊತ್ತು, ಬಹಳ ಪ್ರೀತಿಯಿಂದ ನೋಡಿದರು.

"ಅದನ್ನ ಅವರನ್ನ ಕೇಳ್ರಿ ಸಿಸ್ಟರ್," ಎಂದರು. "ನಮಗಂತೂ ಇನ್ನೂ ಗೊತ್ತಾಗಿಲ್ಲ."

ನಾನು ಇವರ ಟೀಮಿನವನೇ ಎಂದು ಹೇಳಲು ಬಾಯಿ ತೆರೆದೆ. ಇಪ್ಪತ್ತು ವರ್ಷದಲ್ಲಿ ನಾನು ಹೊಡೆದ ಗೋಲುಗಳನ್ನು ಒಮ್ಮೆ ನೆನಪು ಮಾಡಿಕೊಂಡೆ. ಇದ್ದದ್ದು ಅದೊಂದೇ. ಸುಮ್ಮನೆ ಕೂತು ಮೋಸಂಬಿ ಸುಲಿಯತೊಡಗಿದೆ.