ವೈರಸ್ಸು ಕರೆದ ಮದುವೆ

ಫೋನಿಗೆ ಕಾಯಿಲೆ ಬಂದರೆ ಜನ ಅಂಗಡಿಗೆ ಹೋಗಬೇಕು. ನಮ್ಮ ಚಿಕ್ಕಬಳ್ಳಾಪುರದಲ್ಲಿ ಮೊಬೈಲ್ ಅಂಗಡಿಗಳಿಗೇನು ಬರವೇ? ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಯ ತನಕ ಬೀದಿಯ ಎರಡೂ ಕಡೆ ಅವೇ. ಆದರೂ ಅವನ್ನೆಲ್ಲ ದಾಟಿಕೊಂಡು ಜನ ನನ್ನ ಬಾಗಿಲಿಗೇ ಬರುತ್ತಾರೆ. ಕಾರಣ ಇಷ್ಟೇ, ನಾನು ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತನಾದವನು. ಬೆರಳು ಹಾಕಿ ತಿರುಗಿಸುವ ಕಪ್ಪು ಫೋನು, ಕಂಬ, ತಂತಿ, ನನ್ನ ವಿದ್ಯೆಯೆಲ್ಲ ಆ ಕಾಲದ್ದು. ಜನರ ಲೆಕ್ಕದಲ್ಲಿ ಫೋನು ಅಂದರೆ ಫೋನು. ಎತ್ತಿಗೆ ಔಷಧಿ ಕೊಡುವವನ ಮನೆ ಮುಂದೆ ಟ್ರ್ಯಾಕ್ಟರು ತಂದು ನಿಲ್ಲಿಸಿದ ಹಾಗೆ.

ಮೊದಮೊದಲು "ನನಗೆ ಬರಲ್ಲಪ್ಪ" ಅನ್ನುತ್ತಿದ್ದೆ. ಆಮೇಲೆ ಒಂದು ವಿಷಯ ಹೊಳೆಯಿತು. ಬರಲ್ಲ ಅಂದರೆ ಬಂದವರು ಹೊಸ್ತಿಲಲ್ಲೇ ತಿರುಗಿ ಹೋಗುತ್ತಾರೆ. ಬರುತ್ತೆ ಅಂದರೆ ಒಳಗೆ ಬಂದು ಕೂರುತ್ತಾರೆ, ಕಾಫಿ ಕುಡಿಯುತ್ತಾರೆ, ಫೋನು ನನ್ನ ಕೈಯಲ್ಲಿರುವ ತನಕ ಎದ್ದು ಹೋಗುವ ಹಾಗಿಲ್ಲ. ನಾನು ಮದುವೆಯಾಗದವನು. ಆಗ ನೋಡೋಣ, ಈಗ ನೋಡೋಣ ಅನ್ನುವಷ್ಟರಲ್ಲಿ ಪಿಂಚಣಿಯೇ ಬಂತು. ಸಂಜೆಯಾದರೆ ನಮ್ಮ ಮನೆಯಲ್ಲಿ ಬಾಯಿ ಬಿಡುವುದು ಕುಕ್ಕರೊಂದೇ, ಅದೂ ಮೂರು ಕೂಗು. ಊರಿನವರ ಮಾತಿಗೆಲ್ಲ ಲೈನು ಎಳೆದುಕೊಟ್ಟವನ ಫೋನು ಮಾತ್ರ ಮೇಜಿನ ಮೇಲೆ ತಣ್ಣಗೆ ಮಲಗಿರುತ್ತೆ.

ಹಾಗಾಗಿ ಕಲಿತೆ. ಹಳೇ ಬಿ.ಎಸ್ಸಿ. ಆದರೂ ಬಿ.ಎಸ್ಸಿ.ಯೇ ತಾನೆ. ಕಳ್ಳ ಆ್ಯಪ್ ಹುಡುಕುವುದು, ಅದಕ್ಕೆ ಕೊಟ್ಟ ಅನುಮತಿ ಕಿತ್ತುಕೊಳ್ಳುವುದು, ಆಮೇಲೆ ಅದನ್ನು ಕಿತ್ತುಹಾಕುವುದು, ಯಾವುದಕ್ಕೂ ಬಗ್ಗದಿದ್ದರೆ ಇಡೀ ಫೋನನ್ನೇ ತೊಳೆದು ಹೊಸದು ಮಾಡುವುದು, ಎಲ್ಲ ಬಂತು. ಕಾಲು ಗಂಟೆಯ ಕೆಲಸವನ್ನು ಎರಡು ಕಾಫಿಯಷ್ಟು ಎಳೆಯುವ ವಿದ್ಯೆಯೂ ಬಂತು. ಫೋನಿಗೆ ಜ್ವರ ಬಂದರೆ ನನಗೆ ಹಬ್ಬ. ಅಂಥ ಕೆಲವು ಹಬ್ಬಗಳನ್ನು ಹೇಳುತ್ತೇನೆ.

ಮೂವರು ಕಾವಲುಗಾರರು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವವರೊಬ್ಬರು ಬಂದರು. ಫೋನು ಒಲೆಯ ಮೇಲಿಂದ ಈಗಷ್ಟೇ ಇಳಿಸಿದ ಹಾಗೆ ಸುಡುತ್ತಿತ್ತು.

"ವೈರಸ್ಸು ಸಾರ್. ಅದಕ್ಕೇ ವೈರಸ್ ಹಿಡಿಯೋ ಆ್ಯಪು ಹಾಕ್ದೆ. ಜಾಸ್ತಿ ಆಯ್ತು. ಇನ್ನೊಂದು ಹಾಕ್ದೆ. ಇನ್ನೂ ಜಾಸ್ತಿ ಆಯ್ತು."

"ಮೂರನೆಯದೂ ಹಾಕಿದ್ರಾ?"

"ಹಾಕ್ದಲೆ ಇರಕ್ಕಾಗತ್ತಾ?"

ನೋಡಿದರೆ ಮೂರೂ ಜಾಹೀರಾತಿನಲ್ಲಿ ಸಿಕ್ಕ ನಕಲಿ ಸರಕು. ಒಂದು ತೆರೆದರೆ ಉಳಿದೆರಡೂ ವೈರಸ್ಸು, ಕೂಡಲೇ ತೆಗೆಯಿರಿ ಅನ್ನುತ್ತೆ. ಎರಡನೆಯದು ತೆರೆದರೆ ಅದೂ ಅದನ್ನೇ ಹೇಳುತ್ತೆ. ಮೂರನೆಯದೂ ಹಾಗೇ. ಹೊಲದ ಬದುವಿನ ಮೇಲೆ ನಿಂತ ಅಣ್ಣತಮ್ಮಂದಿರ ಹಾಗೆ ಒಬ್ಬರ ಮೇಲೊಬ್ಬರು ದೂರು.

"ಇದರಲ್ಲಿ ಯಾವ್ದು ಸಾರ್ ಒಳ್ಳೇದು?" ಅಂದರು.

"ಯಾವುದೂ ಅಲ್ಲ. ಮೂರೂ ಕಳ್ಳರೇ. ತೆಗೀತಿದ್ದೀನಿ."

ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. "ಸಾರ್, ಒಂದು ನಿಮಿಷ. ಮೂರೂ ಬೇರೆಯವರನ್ನ ಕಳ್ಳರು ಅಂತು. ನೀವೂ ಈಗ ಮೂರೂ ಕಳ್ಳರು ಅಂತೀರಿ. ಅಂದ್ರೆ ಅವು ಹೇಳಿದ್ದೆಲ್ಲ ನಿಜ ಆಯ್ತಲ್ಲ. ನಿಜ ಹೇಳೋರನ್ನ ಯಾಕ್ ಸಾರ್ ತೆಗೀತೀರಿ?"

ಅವತ್ತು ಮೂರನೇ ಕಾಫಿ ನನಗೇ ಬೇಕಾಯಿತು.

ದಿನಕ್ಕೊಂದು ಅಭಿನಂದನೆ

ಪಕ್ಕದ ಮನೆಯವರು ನಿವೃತ್ತ ಹೆಡ್ಮಿಸ್. ನನ್ನ ಹಾಗೇ ಒಂಟಿ. ಆದರೆ ನನ್ನ ಹಾಗೆ ಮಾತಿಲ್ಲ. ಕಾಂಪೌಂಡಿನ ಆಚೆಯಿಂದ "ಹಾಲು ಬಂತಾ?" ಅಂದರೆ ಅವರ ದಿನದ ಮಾತು ಮುಗಿಯಿತು. ಒಂದು ದಿನ ಅವರ ಫೋನು ಎಲ್ಲಿ ಮುಟ್ಟಿದರೂ ಜಾಹೀರಾತು ತೋರಿಸುವುದನ್ನು ನಾನೇ ನೋಡಿ, ಕೊಡಿ ಮೇಡಂ ಅಂತ ಇಸಿದುಕೊಂಡೆ. ಹೂವು, ದೇವರ ಚಿತ್ರ ತೋರಿಸುವ ಒಂದು ವಾಲ್‌ಪೇಪರ್ ಆ್ಯಪಿನ ಹೊಟ್ಟೆಯಲ್ಲಿತ್ತು ಎಲ್ಲ ಹುಳುಕು. ಕಿತ್ತುಹಾಕಿ, ಬೆನ್ನು ತಟ್ಟಿಸಿಕೊಳ್ಳುವ ಆಸೆಯಿಂದ ವಾಪಸ್ಸು ಕೊಟ್ಟೆ.

ಎರಡು ದಿನ ಬಿಟ್ಟು ಕಾಂಪೌಂಡಿನ ಹತ್ತಿರ ಬಂದರು. ಮುಖ ಬಾಡಿತ್ತು.

"ಈಗ ಅದು ಬರ್ತಾ ಇಲ್ಲ," ಅಂದರು.

"ಏನು ಮೇಡಂ?"

"ಬೆಳಗ್ಗೆ ಫೋನ್ ತೆಗೆದ ತಕ್ಷಣ 'ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ' ಅಂತ ಒಂದು ಬರ್ತಿತ್ತು. ಪಟಾಕಿ ಹಾರಿಸಿ ಹೇಳ್ತಿತ್ತು."

"ಅದು ಮೋಸ ಮೇಡಂ. ಬಹುಮಾನ ಗಿಹುಮಾನ ಏನೂ ಇಲ್ಲ."

"ನಂಗೊತ್ತಿಲ್ವೇನ್ರೀ? ಬಹುಮಾನ ಯಾರಿಗೆ ಬೇಕಿತ್ತು? ಆಯುಷ್ಯವೆಲ್ಲ ಸ್ಕೂಲು ನಡೆಸಿದೆ, ಇನ್ಸ್‌ಪೆಕ್ಟರ್ ಆಗ್ಲಿ, ಪೋಷಕರಾಗ್ಲಿ, ಒಬ್ಬರ ಬಾಯಿಂದ ಅಭಿನಂದನೆ ಅಂತ ಬರ್ಲಿಲ್ಲ. ಇದೊಂದು ದಿನಾ ಹೇಳ್ತಿತ್ತು. ಅದನ್ನೂ ತೆಗೆದು ಹಾಕಿದ್ರಿ."

ದ್ರಾಕ್ಷಿಯ ಬೆಲೆ

ಸೇಫ್ ಮೋಡ್ ಅಂತ ಒಂದುಂಟು. ಅದರಲ್ಲಿಟ್ಟರೆ ಫೋನು ತನ್ನ ಹುಟ್ಟುಬುದ್ಧಿಯಲ್ಲಿ ಮಾತ್ರ ನಡೆಯುತ್ತೆ, ಆಮೇಲೆ ನಾವು ತುಂಬಿದ ಆ್ಯಪುಗಳೆಲ್ಲ ಬಾಯಿ ಮುಚ್ಚಿಕೊಂಡು ಕೂರುತ್ತವೆ. ಆಗ ಕಳ್ಳನನ್ನು ಹಿಡಿಯುವುದು ಸುಲಭ.

ನಂದಿಯ ದ್ರಾಕ್ಷಿ ತೋಟದವರೊಬ್ಬರ ಫೋನನ್ನು ಹಾಗೆ ಇಟ್ಟಿದ್ದೆ. ಅಷ್ಟರಲ್ಲಿ ತೋಟಕ್ಕೆ ಲಾರಿ ಬಂತು ಅಂತ ಕರೆ ಬಂದು, ಫೋನು ಎತ್ತಿಕೊಂಡು ಓಡಿದರು. "ನಾಳೆ ಬನ್ನಿ, ಮುಗಿಸಿಕೊಡ್ತೀನಿ" ಅಂದೆ. ಆಫ್ ಮಾಡಿ ಆನ್ ಮಾಡಿದರೆ ಮೊದಲಿನ ಹಾಗೆ ಆಗುತ್ತೆ ಅಂತ ಹೇಳಬಹುದಿತ್ತು. ಹೇಳಿದ್ದರೆ ನಾಳೆ ಬರುತ್ತಿರಲಿಲ್ಲವಲ್ಲ.

ಮಾರನೆಯ ದಿನ ಅವರು ಬರಲಿಲ್ಲ, ಅವರ ಹೆಂಡತಿ ಬಂದರು. ಕೈಯಲ್ಲಿ ಒಂದು ಚೀಲ ದ್ರಾಕ್ಷಿ.

"ಸಾರ್, ಅದೇನ್ ಮಾಡಿದ್ರೋ ಗೊತ್ತಿಲ್ಲ. ವಿಡಿಯೋ ಇಲ್ಲ, ಆಟ ಇಲ್ಲ. ನಿನ್ನೆ ಊಟಕ್ಕೆ ಕೂತು, ಸಾರು ಚೆನ್ನಾಗೈತೆ ಅಂದ್ರು. ನಂಗೆ ಭಯ ಆಗೋಯ್ತು."

"ನಾಳೆ ಸರಿ ಮಾಡ್ತೀನಮ್ಮ."

"ಅದನ್ನೇ ಹೇಳಕ್ ಬಂದೆ. ಸರಿ ಮಾಡ್ಬೇಡಿ. ಹಂಗೇ ಇರ್ಲಿ."

ನನಗೆ ಸಂಕಟವಾಯಿತು. "ಅಮ್ಮಾ, ಅದು ನನ್ನ ಕೈಲಿಲ್ಲ. ಅವರು ಫೋನನ್ನ ಒಂದು ಸಲ ಆಫ್ ಮಾಡಿದ್ರೆ ಸಾಕು, ಎಲ್ಲ ವಾಪಸ್ ಬರುತ್ತೆ."

ಆಯಮ್ಮ ನಿರಾಳವಾಗಿ ಚೀಲ ಮೇಜಿನ ಮೇಲಿಟ್ಟರು. "ಅವರು ಫೋನ್ ಆಫ್ ಮಾಡೋ ಮನುಷ್ಯ ಆಗಿದ್ರೆ ನಾನು ಇಲ್ಲಿಗಂಟ ಯಾಕ್ ಸಾರ್ ಬರ್ತಿದ್ದೆ?"

ಒತ್ತಬೇಡಿ ಎಂದವನು ಒತ್ತಿದ್ದು

ಇನ್ನು ನನ್ನ ಕಥೆ. ಬಂದವರಿಗೆಲ್ಲ ನಾನು ಪಾಠ ಹೇಳುತ್ತಿದ್ದೆ: ಯಾರೇ ಕಳಿಸಲಿ, ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇದ್ದರೆ ಒತ್ತಬೇಡಿ. ಅದು ಲಗ್ನಪತ್ರಿಕೆಯೂ ಅಲ್ಲ, ಫೋಟೋನೂ ಅಲ್ಲ, ಕಳ್ಳ ಆ್ಯಪು. ಬ್ಯಾಂಕಿನ ಹಣಕ್ಕೆ ಕನ್ನ ಹಾಕುತ್ತೆ, ನಿಮ್ಮ ನಂಬರಿನಿಂದಲೇ ನಿಮ್ಮವರಿಗೆಲ್ಲ ಹೋಗುತ್ತೆ.

ಒಂದು ಮಧ್ಯಾಹ್ನ ಚಿಂತಾಮಣಿಯ ನನ್ನ ಹಳೇ ಸಹೋದ್ಯೋಗಿಯಿಂದ ಮೆಸೇಜು ಬಂತು. 'ಮದುವೆಗೆ ತಪ್ಪದೆ ಬನ್ನಿ', ಕೆಳಗೆ ಕರೆಯೋಲೆ. ಒಂಟಿ ಮನುಷ್ಯನನ್ನು ಮದುವೆಗೆ ಕರೆಯುವುದು ಜನಕ್ಕೆ ಮರೆತುಹೋಗುತ್ತೆ, ಪಂಕ್ತಿಯಲ್ಲಿ ಯಾರ ಪಕ್ಕ ಕೂರಿಸಬೇಕು ಅಂತ ತಿಳಿಯದೆಯೋ ಏನೋ. ನನಗೆ ಕರೆ ಬಂದು ಎಷ್ಟು ಕಾಲವಾಗಿತ್ತೋ. ಕೊನೆಯಲ್ಲಿ 'ಎಪಿಕೆ' ಅನ್ನುವ ಮೂರಕ್ಷರವಿತ್ತು, ಕಂಡಿತು. ಆದರೆ ಮೊದಲಲ್ಲಿ 'ಮದುವೆ' ಅನ್ನುವ ಮೂರಕ್ಷರವೂ ಇತ್ತಲ್ಲ. ಒತ್ತಿದೆ. ಮೆಸೇಜುಗಳನ್ನು ಓದಲೇ ಅಂತ ಕೇಳಿತು, ಓದು ಅಂದೆ. ನಿಮ್ಮವರ ನಂಬರುಗಳನ್ನು ನೋಡಲೇ ಅಂತ ಕೇಳಿತು, ನೋಡು ಅಂದೆ. ಮದುವೆ ಮನೆಯವರು ಕೇಳಿದರೆ ಇಲ್ಲ ಅನ್ನುವುದುಂಟೇ? ಪತ್ರಿಕೆ ಮಾತ್ರ ತೆರೆಯಲಿಲ್ಲ. ನೆಟ್‌ವರ್ಕು ಸರಿಯಿಲ್ಲ ಅಂದುಕೊಂಡು, ಯಾವ ಅಂಗಿ ಇಸ್ತ್ರಿಗೆ ಕೊಡಲಿ ಅಂತ ಯೋಚಿಸುತ್ತಾ ಮಲಗಿದೆ.

ಎಬ್ಬಿಸಿದ್ದು ಫೋನು. ಶಿಡ್ಲಘಟ್ಟದವರು.

"ಏನ್ ಸಾರ್, ಶುಭ ಸಮಾಚಾರ. ಧಾರೆ ಸೀರೆಗೆ ರೇಷ್ಮೆ ನಮ್ಮದೇ ಇರ್ಲಿ."

"ಯಾರ ಧಾರೆ?"

"ನಿಮ್ದೇ ಸಾರ್. 'ಮದುವೆಗೆ ತಪ್ಪದೆ ಬನ್ನಿ' ಅಂತ ಕಳ್ಸಿದ್ದೀರಲ್ಲ. ನಿಮ್ಮನೇಲಿ ಇರೋದು ನೀವೊಬ್ರೇ."

ಎದ್ದು ಕೂತೆ. "ಒತ್ತಿದಿರಾ?"

"ಇಲ್ಲ ಸಾರ್, ಎಪಿಕೆ ಅಂತಿತ್ತು. ನೀವೇ ಹೇಳಿದ್ದೀರಲ್ಲ, ಯಾರೇ ಕಳ್ಸಿದ್ರೂ ಒತ್ತಬೇಡಿ ಅಂತ. ಅದಕ್ಕೇ ಬಾಯಲ್ಲೇ ಕೇಳಣ ಅಂತ ಮಾಡ್ದೆ."

ಕೂಡಲೇ ಡೇಟಾ ಆಫ್ ಮಾಡಿದೆ. ಫೋನನ್ನೂ ಆಫ್ ಮಾಡಬೇಕಿತ್ತು. ಆದರೆ ಇಟ್ಟರೆ ಇನ್ನೊಂದು ಕರೆ, ಇಟ್ಟರೆ ಮತ್ತೊಂದು. ಅಷ್ಟು ಕಾಲ ಸುಮ್ಮನಿದ್ದದ್ದು ಹೀಗೆ ಬಡಿದುಕೊಳ್ಳುವಾಗ ಬಾಯಿ ಮುಚ್ಚಿಸಲು ಕೈ ಬರಲಿಲ್ಲ. ನಂದಿಯ ಆಯಮ್ಮ, "ಸಾರ್, ಮನೆಗೆ ಬರೋ ಅಮ್ಮಂಗೆ ಆ ಸೇಫ್ ಮೋಡು ಹಾಕೋದು ಮೊದ್ಲೇ ಕಲಿಸಿಬಿಡಿ" ಅಂದರು. ವೈರಸ್ಸೇನ್ರೀ ಅಂತ ಕೇಳಿದವರು ಒಬ್ಬರೂ ಇಲ್ಲ. ಈ ವಯಸ್ಸಿನಲ್ಲಿ ನನಗೆ ಮದುವೆ ಅಂದರೆ ಎಲ್ಲರೂ ನಂಬಿದರು, ಅದೊಂದು ಸಂತೋಷ.

ಕೊನೆಗೆ ಬುದ್ಧಿ ಬಂದು, ಪಕ್ಕದ ಹೆಡ್ಮಿಸ್ ಹತ್ತಿರ ಓಡಿ, ಅವರ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿದೆ. ಅವರು ಎಲ್ಲ ಕೇಳಿಸಿಕೊಂಡು, "ಅಭಿನಂದನೆಗಳು" ಅಂದರು. ಸೇಡು ತೀರಿತು.

ಕಳ್ಳ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಇಡೀ ಫೋನು ತೊಳೆಯಬೇಕಾಯಿತು. ವೈರಸ್ಸು ಹೋಯಿತು, ಅದರ ಜೊತೆ ಬರೆದಿಟ್ಟಿದ್ದ ನಂಬರುಗಳೂ ಹೋದವು. ಊರಿಗೆಲ್ಲ ಕಳ್ಳ ಫೈಲು ಕಳಿಸಿದ್ದಕ್ಕೆ ಮೆಸೇಜಿನ ಖಾತೆಗೂ ಬೀಗ ಬಿತ್ತು. ಫೋನು ಮತ್ತೆ ತಣ್ಣಗೆ ಮಲಗಿತು.

ಅಲ್ಲಿಯ ಮದುವೆಯಾದರೂ ನಿಜವೋ ಅಂತ ಕೇಳಲು ಮಾರನೆಯ ದಿನ ಚಿಂತಾಮಣಿ ಬಸ್ಸು ಹತ್ತಿದೆ. ಸಹೋದ್ಯೋಗಿ ಬಾಗಿಲಲ್ಲೇ ಕೈ ಮುಗಿದರು. "ಅಯ್ಯೋ, ಮದುವೆಯೂ ಇಲ್ಲ ಏನೂ ಇಲ್ಲ ಸಾರ್. ಯಾರೋ ಕಳ್ಸಿದ್ದನ್ನ ನಾನೂ ಒತ್ತಿದ್ದೆ. ಆಮೇಲೆ ಊರಿಗೆಲ್ಲ ಫೋನ್ ಮಾಡಿ ಮಾಡಿ ಒತ್ತಬೇಡಿ ಅಂದೆ. ನಿಮಗೊಬ್ಬರಿಗೇ ಮಾಡ್ಲಿಲ್ಲ."

"ನನಗೊಬ್ಬನಿಗೇ ಯಾಕಪ್ಪ ಮಾಡ್ಲಿಲ್ಲ?"

"ನಿಮಗೆ ಹೇಳೋದಾ ಸಾರ್? ವೈರಸ್ ಡಾಕ್ಟ್ರು ನೀವು. ಮೀಕು ತೆಲೀದಾ, ನಿಮಗೆ ಗೊತ್ತಿರಲ್ವಾ?"

ಮದುವೆ ಇಲ್ಲ ಅಂತ ಕರೆದದ್ದು

ಉಳಿದದ್ದು ಗೌರಿಬಿದನೂರಿನ ನಮ್ಮ ನೆಂಟರು. ನನ್ನನ್ನು ಮರೆತವರೇ ಆದರೂ ನನ್ನ ನಂಬರಿನಿಂದ ಅವರಿಗೆಲ್ಲ ಆ ಹಾಳು ಫೈಲು ಹೋಗಿದೆ. ಒಬ್ಬರು ಒತ್ತಿದರೂ ಅವರ ಉಳಿತಾಯ ಹೋಯಿತು, ಪಾಪ ನನ್ನ ತಲೆಗೆ. ನನಗೆ ಬಾಯಿಪಾಠ ಬರುವುದು ನಮ್ಮಕ್ಕನ ನಂಬರು ಒಂದೇ. ಮಾಡಿದೆ.

"ಫೋನಲ್ಲಿ ಕರೆದವನಿಗೆ ಫೋನಲ್ಲಿ ಜವಾಬಿಲ್ಲ," ಅಂತ ಇಟ್ಟುಬಿಟ್ಟಳು. ಮತ್ತೆ ಮಾಡಿದೆ. ಎತ್ತಲೇ ಇಲ್ಲ.

ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ ಹೋಗುವ ಬಸ್ಸು ಹಿಡಿದೆ. ಅಕ್ಕ ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ.

"ಅಕ್ಕಾ, ಆ ಮದುವೆ ಪತ್ರಿಕೆ ಒತ್ತಿದೆಯಾ?"

"ನಾನ್ಯಾಕೋ ಒತ್ತಲಿ? ಒಡಹುಟ್ಟಿದ ಅಕ್ಕ. ಮನೆಗೆ ಬಂದು, ಕುಂಕುಮ ಕೊಟ್ಟು, ಅಕ್ಕ ಬಾ ಅನ್ನೋಕೆ ನಿನಗೆ ಕಾಲಿರಲಿಲ್ವಾ? ಟಿಣ್ ಅಂತ ಫೋನಲ್ಲಿ ಕಳಿಸ್ತಾನಂತೆ. ನಾನು ಅದನ್ನ ಬಿಚ್ಚೂ ನೋಡ್ಲಿಲ್ಲ."

"ಉಳಿದೋರು?"

"ಯಾರಿಗೂ ಬಿಚ್ಚೋಕೆ ಬಿಡ್ಲಿಲ್ಲ. ಒಂದೊಂದು ಮನೆಗೂ ಫೋನ್ ಮಾಡಿ ಹೇಳ್ದೆ. ಅವನು ಬಂದು ಬಾಯಿತುಂಬ ಕರೆಯೋ ತನಕ ಅದನ್ನ ಯಾರೂ ಮುಟ್ಟಕೂಡದು ಅಂತ."

ನಾನು ಗೋಡೆಗೊರಗಿ ಕೂತೆ. ಶಿಡ್ಲಘಟ್ಟದವರ ಮೂರು ಆ್ಯಪುಗಳಿಂದ ಆಗದ ಕೆಲಸ ನಮ್ಮಕ್ಕನ ಸಿಟ್ಟಿನಿಂದ ಆಗಿತ್ತು. ಎಲ್ಲ ಬಿಡಿಸಿ ಹೇಳಿದೆ. ಅವಳ ಕೈ ಅವರೆಕಾಯಿಯ ಮೇಲೆ ನಿಂತಿತು.

"ಹಾಗಾದ್ರೆ ಹುಡುಗಿ?"

"ಇಲ್ಲ ಅಕ್ಕ."

"ಯಾರೂ ಇಲ್ವಾ?"

"ಯಾರೂ ಇಲ್ಲ."

ಒಳಗೆ ಮಂಚದ ಮೇಲೆ ಅಕ್ಕನ ರೇಷ್ಮೆ ಸೀರೆ ಗಾಳಿಯಾಡಲೆಂದು ಹರಡಿತ್ತು. ಸಿಟ್ಟು ಬೇರೆ, ಸೀರೆ ಬೇರೆ. ಅವಳು ಎದ್ದು ಒಳಗೆ ಹೋಗಿ ಕುಂಕುಮದ ಭರಣಿ, ಎಲೆ ಅಡಿಕೆ ತಂದು ನನ್ನ ಕೈಗಿಟ್ಟಳು.

"ಇದೇನಕ್ಕ?"

"ಎಲ್ಲರೂ ನೀನು ಬಂದು ಕರೀತೀಯ ಅಂತ ಕಾಯ್ತಾ ಇದಾರೆ. ಮನೆಮನೆಗೂ ಹೋಗಿ ಮದುವೆ ಇಲ್ಲ ಅಂತ ಹೇಳಿ ಬಾ."

"ಅದಕ್ಕೆ ಕುಂಕುಮ ಯಾಕೆ?"

"ನೆಂಟರ ಮನೆಗೆ ಬರಿಗೈಲಿ ಹೋಗ್ತಾರೇನೋ?"

ಹೀಗೆ ಕುಂಕುಮ ಕೊಟ್ಟು, ಎಲೆ ಅಡಿಕೆ ಕೊಟ್ಟು, ಆಗದ ನನ್ನ ಮದುವೆಯನ್ನು ಮನೆಮನೆಗೂ ಸಾರಿಕೊಂಡು ಬಂದೆ. ಹೋದಲ್ಲೆಲ್ಲ ಕೂತ್ಕೋ ಅಂದರು. ಒಂದು ಕಡೆ ಉಪ್ಪಿಟ್ಟು, ಒಂದು ಕಡೆ ಅವರೆಕಾಳಿನ ಸಾರು ಮುದ್ದೆ. "ಎಷ್ಟು ಇಳಿದುಹೋಗಿದ್ದೀಯೋ" ಅಂದರು. ನನ್ನ ಫೋನು ಜೇಬಿನಲ್ಲಿತ್ತು, ಅದರ ನೆನಪೇ ಬರಲಿಲ್ಲ.

ಕೊನೆಯದು ನಮ್ಮ ಚಿಕ್ಕಮ್ಮನ ಮನೆ. ತುಂಬ ವಯಸ್ಸು, ಬುದ್ಧಿ ಮಾತ್ರ ಚುರುಕು. ಎಪಿಕೆ, ಕಳ್ಳ ಆ್ಯಪು, ಬ್ಯಾಂಕು, ಫೋನು ತೊಳೆದದ್ದು, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಕಣ್ಣು ಮಿಟುಕಿಸದೆ ಕೇಳಿದರು. ಹಣೆಗೆ ಕುಂಕುಮ ಇಟ್ಟುಕೊಂಡರು.

"ಸರಿ ಕಣಪ್ಪ. ಮದುವೆ ಇಲ್ಲ, ಅರ್ಥ ಆಯ್ತು," ಅಂದರು. "ಊಟ ಎಷ್ಟೊತ್ತಿಗೆ?"

ನನ್ನ ಬಾಯಿಂದ ತಾನಾಗೇ ಬಂದುಬಿಟ್ಟಿತು: "ಭಾನುವಾರ, ಹನ್ನೆರಡೂವರೆಗೆ ಚಿಕ್ಕಮ್ಮ. ಚಿಕ್ಕಬಳ್ಳಾಪುರದಲ್ಲಿ, ನಮ್ಮನೇಲಿ."

ಆಮೇಲೆ ಅದೇ ಭರಣಿ ಹಿಡಿದುಕೊಂಡು ಅದೇ ಮನೆಗಳಿಗೆಲ್ಲ ಮತ್ತೊಂದು ಸುತ್ತು ಹೋಗಬೇಕಾಯಿತು. ಫೋನಿನಲ್ಲಿ ಕರೆದರೆ ನಮ್ಮ ಕಡೆ ಯಾರೂ ಬರುವುದಿಲ್ಲವಲ್ಲ.