ಕಾಕ ಕೂಡಿಸಿಕೊಟ್ಟ ಸೆಕೆಂಡಿನ ಮುಳ್ಳು

ನನಗೊಂದು ಅಭ್ಯಾಸವಿದೆ. ದಿನಕ್ಕೆ ಐವತ್ತು ಸಲ ಕೈಗಡಿಯಾರ ನೋಡುತ್ತೇನೆ. ನೋಡಿದ ಮರುಕ್ಷಣವೇ ಯಾರಾದರೂ ಗಂಟೆ ಎಷ್ಟೆಂದು ಕೇಳಿದರೆ ಮತ್ತೊಮ್ಮೆ ನೋಡಬೇಕಾಗುತ್ತದೆ. ಏಕೆಂದರೆ ನಾನು ನೋಡಿದ್ದು ಗಂಟೆಯನ್ನಲ್ಲ, ಸೆಕೆಂಡಿನ ಮುಳ್ಳನ್ನು. ಈಗಿನ ಬ್ಯಾಟರಿ ವಾಚುಗಳಲ್ಲಿ ಆ ಮುಳ್ಳು ಟಕ್ ಟಕ್ ಎಂದು ಕವಾಯತು ಮಾಡುತ್ತದೆ. ನನ್ನ ಹಳೆಯ ಚಾವಿ ವಾಚಿನಲ್ಲಿ ಅದು ತೇಲುತ್ತದೆ. ಗದ್ದೆಯ ನಿಂತ ನೀರಿನ ಮೇಲೆ ನೀರುಹುಳು ಹರಿದ ಹಾಗೆ ಅದು ಸದ್ದಿಲ್ಲದೆ ಸುತ್ತು ಹಾಕುತ್ತಿದ್ದರೆ ನನ್ನ ಮನಸ್ಸೂ ಅದರ ಹಿಂದೆಯೇ ಹೋಗಿಬಿಡುತ್ತದೆ, ಬೇಗ ಹಿಂತಿರುಗುವುದಿಲ್ಲ. ಮೇಷ್ಟರಾಗಿದ್ದಾಗ ಎಷ್ಟೋ ಸಲ ಪಾಠದ ನಡುವೆ ಗಂಟೆ ನೋಡಲು ಹೋಗಿ ಹಾಗೇ ನಿಂತುಬಿಟ್ಟಿದ್ದೇನೆ. "ಸಾರ್, ಬೆಲ್ ಆಗಿ ಭಾಳ ಹೊತ್ತಾಯ್ತು" ಎಂದು ಮಕ್ಕಳೇ ಕರುಣೆಯಿಂದ ಎಚ್ಚರಿಸುತ್ತಿದ್ದರು.

ವಾಚು ನಮ್ಮಪ್ಪನದು. ಅಪ್ಪ ತಿತಿಮತಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ತೋಟದ ಸಾಹುಕಾರರು ಯಾವುದೋ ಒಳ್ಳೆಯ ಫಸಲಿನ ವರ್ಷ ತಮ್ಮ ಕೈಯಿಂದಲೇ ಬಿಚ್ಚಿ ಕೊಟ್ಟ ಸ್ವಿಟ್ಜರ್ಲೆಂಡಿನ ವಾಚು ಅದು. ಚಿನ್ನದ ಕವಚ, ಒಂದು ಕಾಲಕ್ಕೆ ಬೆಳ್ಳಗಿದ್ದ ಡಯಲ್ಲು ಈಗ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದೆ. ನನ್ನ ಮದುವೆಯ ದಿನ ಅಪ್ಪ ಅದನ್ನು ನನ್ನ ಕೈಗೆ ಕಟ್ಟಿದರು. "ಇನ್ಮೇಲಾದ್ರೂ ಟೈಮಿಗೆ ಸರಿಯಾಗಿ ಹೋಗು" ಎಂಬುದೇ ಅವರ ಆಶೀರ್ವಾದ.

ಇಷ್ಟು ವರ್ಷ ಅದರ ಬೆಲೆಯ ಯೋಚನೆ ನನಗೆ ಬಂದಿರಲಿಲ್ಲ. ಆ ಯೋಚನೆಯನ್ನು ತಲೆಗೆ ಹಾಕಿದವನು ನನ್ನ ತಂಗಿಯ ಅಳಿಯ, ಮೈಸೂರಿನ ಪ್ರಸನ್ನ. ಅವನಿಗೆ ಹಳೆಯ ವಾಚುಗಳನ್ನು ಕೊಂಡು ಕೂಡಿಡುವ ಹುಚ್ಚು. ಒಂದು ನಾಮಕರಣದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವನು ಪಾಯಸ ಬಿಟ್ಟು ನನ್ನ ಮಣಿಕಟ್ಟು ಹಿಡಿದುಕೊಂಡ. "ಮಾವ, ಇದರಲ್ಲಿ ಎಲ್ಲ ಒರಿಜಿನಲ್ ಪಾರ್ಟೇ ಇದ್ರೆ ಇದು ಬಂಗಾರಕ್ಕಿಂತ ಹೆಚ್ಚು. ಸರ್ವಿಸ್ ಮಾಡಿಸಿ. ಆದ್ರೆ ಡಯಲ್ಲಿಗೆ ಬಣ್ಣ ಬಳಿಯೋಕೆ ಬಿಡಬೇಡಿ, ಪಾಲಿಶ್ ಬೇಡ, ಒಂದು ಸ್ಕ್ರೂ ಕೂಡ ಬದಲಾಯಿಸಬೇಡಿ" ಎಂದ.

ಅಂದಿನಿಂದ ನನ್ನ ನಡಿಗೆಯೇ ಬದಲಾಯಿತು. ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ ಶುಂಠಿ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಹೋಗುವಾಗಲೂ ಎಡಗೈಯನ್ನು ಎದೆಗೆ ಆನಿಸಿಕೊಂಡೇ ನಡೆಯುತ್ತಿದ್ದೆ. ಮನೆಯಲ್ಲಿ ಸಿಕ್ಕವರಿಗೆಲ್ಲ ಒರಿಜಿನಲ್ಲಿನ ಮಹತ್ವ ಹೇಳತೊಡಗಿದೆ. ಮಿಕ್ಸಿಗೆ ಬೇರೆ ಕಂಪನಿಯ ಮುಚ್ಚಳ ತಂದದ್ದಕ್ಕೆ ನನ್ನ ಹೆಂಡತಿ ಗಿರಿಜೆಗೂ ಉಪದೇಶ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ನಿಮ್ಮ ಬಾಯಲ್ಲಿ ಒರಿಜಿನಲ್ ಹಲ್ಲು ಎಷ್ಟಿದಾವೆ ಹೇಳಿ ನೋಡಣ" ಎಂದಳು. ನಾನು ವಾಚು ತೆಗೆದುಕೊಂಡು ಪೇಟೆಗೆ ಹೊರಟೆ.

ಪೇಟೆಯಲ್ಲಿ ಚಾವಿ ವಾಚು ಬಿಚ್ಚಬಲ್ಲವರು ಉಳಿದಿರುವುದು ಒಬ್ಬರೇ, ಮೊಯ್ದು ಕಾಕ. ಎಪ್ಪತ್ತು ದಾಟಿದ ಮನುಷ್ಯ. ಅಂಗಡಿ ಎಂದರೆ ಎರಡು ಮೊಣಕಾಲು ಹಿಡಿಸುವಷ್ಟು ಜಾಗ. ನಾನು ಪ್ರಸನ್ನನ ಶಾಸನಗಳನ್ನೆಲ್ಲ ಒಪ್ಪಿಸಿದೆ. ಕಾಕ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದರು. ಮುಚ್ಚಳದ ಒಳಮೈ ಮೇಲೆ ಸೂಜಿಯಲ್ಲಿ ಗೀಚಿದ ನಾಲ್ಕೈದು ಸಣ್ಣ ಗುರುತುಗಳಿದ್ದವು. ವಾಚು ಬಿಚ್ಚಿದ ಪ್ರತಿಯೊಬ್ಬ ರಿಪೇರಿಯವನೂ ತನ್ನದೊಂದು ಗುರುತು ಹಾಕಿಡುವುದು ಆ ಕಸುಬಿನ ರೂಢಿಯಂತೆ. ಕಾಕ ಒಂದೊಂದನ್ನೇ ನೋಡುತ್ತ ಹೋಗಿ ಒಂದರ ಮೇಲೆ ಕಣ್ಣು ನಿಲ್ಲಿಸಿದರು. ಹೊರಗೆ ಮಂಜು ಇನ್ನೂ ಹರಿದಿರಲಿಲ್ಲ. ಬಸ್ಸುಗಳು ಬರಿಯ ಹಾರ್ನುಗಳಾಗಿ ಹಾದುಹೋಗುತ್ತಿದ್ದವು. ಸುತ್ತಲಿನ ಹತ್ತಾರು ವಾಚುಗಳ ಸದ್ದಿನಲ್ಲಿ ನನಗೆ ಹಿತವಾದ ಜೊಂಪು ಹತ್ತುತ್ತಿತ್ತು.

"ಮಾಷೆ, ನೀವು ತಿತಿಮತಿ ರೈಟರ ಮಗನಾ?" ಎಂದರು ಕಾಕ. ಮೇಷ್ಟರನ್ನು ಅವರು ಮಲಯಾಳದ ರೂಢಿಯಲ್ಲಿ ಮಾಷೆ ಎನ್ನುತ್ತಿದ್ದರು.

ಹೌದೆಂದೆ. ಕಾಕ ಭೂತಗನ್ನಡಿ ತೆಗೆದಿಟ್ಟರು. "ಈ ಗುರುತು ನಂದು. ಆಗ ನಾನು ತಿತಿಮತಿಯಲ್ಲಿ ಚಾ ಅಂಗಡಿ ಜಗಲಿ ಮೇಲೆ ಕೂರ್ತಿದ್ದೆ. ಕೆಲಸ ಕಲಿತು ವರ್ಷ ಆಗಿರಲಿಲ್ಲ. ನಿಮ್ಮಪ್ಪ ಇದನ್ನು ಎಣ್ಣೆ ಹಾಕೋಕೆ ಕೊಟ್ಟರು. ತೆಗೆಯೋವಾಗ ಸೆಕೆಂಡಿನ ಮುಳ್ಳು ನನ್ನ ಕೈಯಲ್ಲಿ ಮುರೀತು. ಬೇರೆ ಯಾವುದೋ ವಾಚಿನ ಮುಳ್ಳು ಹಾಕಿದೆ. ಹೇಳಲಿಲ್ಲ."

ನನ್ನ ಜೊಂಪು ಹಾರಿಹೋಯಿತು. ಇಷ್ಟು ವರ್ಷ ನಾನು ಕಣ್ಣು ನೆಟ್ಟು ಕೂತಿದ್ದ ಮುಳ್ಳೇ ಡೂಪ್ಲಿಕೇಟು.

"ಅಪ್ಪನಿಗೆ ಗೊತ್ತಾಗಲಿಲ್ವಾ ಕಾಕ?"

"ಗೊತ್ತಾಯ್ತು. ಬಿಸಿಲಿಗೆ ಹಿಡಿದು ನೋಡಿದರು. ನನ್ನ ಮುಖ ನೋಡಿದರು. ಕಿವಿಗಿಟ್ಟುಕೊಂಡು 'ಓಡ್ತಾ ಇದೆಯಲ್ಲ, ಸಾಕು' ಅಂದರು. ಮುಂದಿನ ವಾರ ಎಸ್ಟೇಟ್ ಆಫೀಸಿನ ಗೋಡೆ ಗಡಿಯಾರವನ್ನೂ ನನ್ನ ಹತ್ತಿರವೇ ಕಳಿಸಿದರು. ಬೈದಿದ್ದರೆ ನಾನು ಮರೆತುಬಿಡ್ತಿದ್ದೆ ಮಾಷೆ."

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಲೆಕ್ಕದ ಪುಸ್ತಕದ ಮೇಲೆ ಒಂದು ತೊಟ್ಟು ಶಾಯಿ ಬಿದ್ದಿದ್ದಕ್ಕೆ ನನ್ನ ಕಿವಿ ಹಿಂಡಿದ್ದ ಅಪ್ಪ, ಜಗಲಿಯ ಮೇಲಿನ ಅಪರಿಚಿತನ ಮುಂದೆ ಇಷ್ಟು ಮೆತ್ತಗಿದ್ದರೇ? ಬಿಸಿಲಲ್ಲಿ ವಾಚು ಹಿಡಿದು ನಿಂತ ಆ ಅಪ್ಪನನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಕಾಣಬೇಕೆನಿಸಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಕಾಕನ ಕೈಯಲ್ಲೊಂದು ತುಕ್ಕು ಹಿಡಿದ ತಗಡಿನ ಡಬ್ಬಿ. ಅದರೊಳಗೆ ಎಣ್ಣೆಕಾಗದದ ಪೊಟ್ಟಣ, ಮೇಲೆ ಮಲಯಾಳದಲ್ಲಿ ಎರಡು ಪದ. "ತಿತಿಮತಿ ರೈಟರ್ ಅಂತ ಬರೆದಿದ್ದೀನಿ" ಎಂದರು. ಮುರಿದ ತುಂಡನ್ನು ಜೋಪಾನವಾಗಿಟ್ಟುಕೊಂಡು, ಮೈಸೂರಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ, ಹಾಳಾದ ಅದೇ ಜಾತಿಯ ವಾಚೊಂದರಿಂದ ಸರಿಯಾದ ಮುಳ್ಳು ತಂದಿದ್ದರು. ಅಷ್ಟರಲ್ಲಿ ಅಪ್ಪ ಕೆಲಸ ಬಿಟ್ಟು ಶನಿವಾರಸಂತೆಯ ನಮ್ಮ ಊರಿಗೆ ಹೋಗಿಯಾಗಿತ್ತು. ಮುಳ್ಳು ಡಬ್ಬಿಯಲ್ಲಿ ಉಳಿಯಿತು.

"ಕೂಡಿಸಲಾ ಮಾಷೆ?"

ಬೇಡ ಕಾಕ, ಅಪ್ಪ ಸಾಕು ಅಂದದ್ದೇ ಇರಲಿ, ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ನನಗೆ ಪ್ರಿಯವಾಗಿದ್ದದ್ದು ಆ ಸುಳ್ಳು ಮುಳ್ಳೇ. ಆದರೆ ಡಬ್ಬಿ ಹಿಡಿದ ಕೈ ನೋಡಿದ ಮೇಲೆ ಹೇಳಲಾಗಲಿಲ್ಲ. "ಕೂಡಿಸಿ ಕಾಕ" ಎಂದೆ. ಅವರು ಉಸಿರು ಬಿಗಿಹಿಡಿದು ಕೂಡಿಸಿದರು, ಮುಚ್ಚಳದೊಳಗೆ ಹೊಸ ಗುರುತು ಗೀಚಿದರು, ತೆಗೆದ ಮುಳ್ಳನ್ನು ಪೊಟ್ಟಣ ಕಟ್ಟಿ ಕೊಟ್ಟರು. ಆಮೇಲೆ ಬೆಳಗಿನ ಹನ್ನೊಂದಕ್ಕೇ ಅಂಗಡಿ ಮುಚ್ಚಿ, "ಬನ್ನಿ, ಚಾ ಕುಡಿಯೋಣ" ಎಂದರು.

ಮುಂದಿನ ಭಾನುವಾರ ಪ್ರಸನ್ನ ಬಂದ. ವಾಚನ್ನು ಬಿಸಿಲಿಗೆ ಹಿಡಿದು, ಮಸೂರ ಹಿಡಿದು, ಫೋಟೋ ಹಿಡಿದು, ಕೊನೆಗೆ ನಿಟ್ಟುಸಿರು ಬಿಟ್ಟ. "ಎಲ್ಲ ಸರಿಯಿದೆ ಮಾವ. ಸೆಕೆಂಡಿನ ಮುಳ್ಳು ಮಾತ್ರ ಡೂಪ್ಲಿಕೇಟ್. ನೋಡಿ, ಎಷ್ಟು ಹೊಸದಾಗಿ ಹೊಳೀತಿದೆ."

ನಾನು ಪೊಟ್ಟಣ ಬಿಚ್ಚಿ ಕೊಟ್ಟೆ. ಅವನು ಹಳೆಯ ಮುಳ್ಳನ್ನು ಅಂಗೈಯಲ್ಲಿಟ್ಟುಕೊಂಡು, "ಇದೇ ಮಾವ ಒರಿಜಿನಲ್. ಡಯಲ್ ಜೊತೆಗೇ ಮಾಗಿದೆ. ಇದನ್ನ ಯಾರು ತೆಗೆದದ್ದು?" ಎಂದ.

ಕಾಕನ ಮೇಲೆ ಮಾತು ಬರಬಾರದೆಂದು ಇಡೀ ಕಥೆ ಹೇಳಿದೆ. ಅವನು ಮರ್ಯಾದೆಯಿಂದ ಕೇಳಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. "ಇರಬಹುದು ಮಾವ. ಆದ್ರೆ ನಾಳೆ ಕೊಳ್ಳೋನಿಗೆ ಅನುಮಾನ ಬಂದ್ರೆ, ವಾಚಿನ ಜೊತೆ ಕಾಕನ್ನೂ ಕಟ್ಟಿ ಕಳಿಸೋಕಾಗಲ್ವಲ್ಲ. ನೀವೇ ಕಟ್ಟಿಕೊಳ್ಳಿ" ಎಂದು ವಾಚನ್ನು ನನ್ನ ಕೈಗೇ ಕಟ್ಟಿ, ಕಾಫಿ ಕುಡಿದು, ಹೊರಟ.

ಕಾರು ತಿರುವು ದಾಟುವವರೆಗೂ ನಾನು ಗೇಟಿನಲ್ಲೇ ನಿಂತಿದ್ದೆ. ಅವನು ವಾಚು ಕೇಳಿದರೆ ಹೇಳಬೇಕೆಂದು ಬೆಳಗಿನಿಂದ ಒಂದು ಮಾತು ಸಿದ್ಧಮಾಡಿಕೊಂಡಿದ್ದೆ. ಅಪ್ಪನ ನೆನಪಿಗೆ ಬೆಲೆ ಕಟ್ಟಲಾಗದು ಎಂಬರ್ಥದ, ತಕ್ಕಮಟ್ಟಿಗೆ ಗಂಭೀರವಾದ ಮಾತು. ಕನ್ನಡಿಯ ಮುಂದೆ ಎರಡು ಸಲ ಹೇಳಿಕೊಂಡೂ ನೋಡಿದ್ದೆ.

"ಯಾಕ್ರೀ, ಮುಖ ಹಂಗೆ ಇಳಿದಿದೆ?" ಎಂದಳು ಗಿರಿಜೆ.

"ಏನಿಲ್ಲ. ಈ ವಾಚು ಮಾರಲ್ಲ ಅಂತ ತೀರ್ಮಾನ ಮಾಡಿದೀನಿ" ಎಂದೆ.

"ಕೇಳಿದೋರು ಯಾರು?" ಎಂದು ಅವಳು ಕಾಫಿಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.