ನೂರೈವತ್ತು ಸಜ್ಜಿ ರೊಟ್ಟಿ ಮತ್ತು ನನ್ನ ಮ್ಯಾನೇಜ್‌ಮೆಂಟು

ನನ್ನ ಹೆಂಡ್ತಿ ಎಂಬಿಎ ಪಾಸಾಗ್ಯಾಳ. ಈ ಸುದ್ದಿ ವಾಡಿ ಸ್ಟೇಷನ್ನಿನ ಚಹಾದಂಗಡಿಯವಗ ಗೊತ್ತದ, ಚಿತ್ತಾಪುರದ ನಮ್ಮ ಆಫೀಸಿನ ಜವಾನಗ ಗೊತ್ತದ, ಚಿಂಚೋಳಿ ಬಸ್ಸಿನ್ಯಾಗ ನನ್ನ ಬಾಜೂಕ ಕುಂತಿದ್ದ ಗುರುತಿಲ್ಲದ ಮನಷ್ಯಾಗೂ ಗೊತ್ತದ. ಸೇಡಂದಾಗಿನ ನಮ್ಮ ಮಾವನವರಿಗೂ ಗೊತ್ತದ. (ಅವರ ಮಗಳ ಸುದ್ದಿ ಅವರಿಗೆ ಮೂರು ಸಲ ಹೇಳಿದಾವ ನಾನ.) ಹೆಂಡ್ತಿ ಬಗ್ಗೆ ಇಷ್ಟು ಹೆಮ್ಮೆ ಇರೋ ಗಂಡಸು ಈ ನಾಕು ಊರಿನ್ಯಾಗ ಹುಡುಕಿದ್ರೂ ಸಿಗಾಂಗಿಲ್ಲ.

ಆದ್ರ ನಂದೊಂದು ತಕರಾರು ಅದ. ಅಕಿ ಪಾಸಾಗಿದ್ದು ನನ್ನ ಮಾನ ತೆಗೆದು. ಅದೂ ತುಂಬಿದ ಸಭಾದಾಗ, ಪರದೆ ಮ್ಯಾಲ ಫೋಟೋ ಹಾಕಿ.

ಮೊದ್ಲಿಂದ ಹೇಳ್ತೀನಿ, ಕೇಳ್ರಿ. ನಮ್ಮಾಕಿ ಭಾಗ್ಯಜ್ಯೋತಿ ಸಿವಿಲ್ ಎಂಜಿನಿಯರ್. ಲಗ್ನ ಆಗಿ ಹನ್ನೆರಡು ವರ್ಷದಾಗ ಆ ಎಂಜಿನಿಯರಿಂಗ್ ನಮ್ಮ ಮನ್ಯಾಗ ಒಂದ ಸಲ ಬಾಯಿ ತೆಗೆದಿತ್ತು. ಬಚ್ಚಲಿಗೆ ಶಹಾಬಾದ ಫರಸಿಕಲ್ಲು ಹಾಸೋ ಮುಂದ ಅಕಿ, "ರೀ, ಇಳಿಜಾರು ತಪ್ಪ್ಯಾದ, ನೀರು ಒಳಗ ಬರ್ತದ" ಅಂದ್ಳು. "ನೀ ಸುಮ್ಮ ಕುಂದ್ರು, ಗೌಂಡಿಗೆ ಗೊತ್ತದ" ಅಂತ ನಾ ಅಂದೆ. ಅವತ್ತಿನಿಂದ ನಮ್ಮ ಮನಿ ಜಳಕದ ನೀರು ಮೊದಲ ದೇವರ ಕೋಣಿ ದರ್ಶನ ಮಾಡಿ, ಆಮ್ಯಾಲ ಗಟಾರಕ್ಕ ಹೋಗ್ತದ.

ಆ ತಪ್ಪಿನ ಭಾರಕ್ಕೋ ಏನೋ, "ನಾ ಎಂಬಿಎ ಮಾಡ್ತೀನ್ರಿ" ಅಂತ ಅಕಿ ಅಂದಾಗ ನಾ ತಕ್ಷಣ ಹೂಂ ಅಂದೆ. ಕಲಬುರಗಿ ಕಾಲೇಜಿನ್ಯಾಗ ಸೀಟೂ ಸಿಕ್ತು. ದಿನಾ ಮುಂಜಾನೆ ವಾಡಿಯಿಂದ ರೈಲಿಗೆ ಹೋಗೋದು, ಸಂಜಿಗೆ ಬರೋದು. ಒಪ್ಪಲಾರದಾಕಿ ಅಂದ್ರ ನಮ್ಮ ಅವ್ವ.

"ಎಂಜಿನಿಯರ್ ಆದಮ್ಯಾಲ ಮತ್ತೇನು ಕಲೀತಾಳ ಅಕಿ?"

"ಮ್ಯಾನೇಜ್‌ಮೆಂಟ್ ಅವ್ವ. ಮಂದಿ ಕೈಲೆ ಕೆಲಸ ಹೆಂಗ ಮಾಡಿಸ್ಬೇಕು ಅನ್ನೋದು."

"ನಿನ್ನ ಕೈಲೆ ಹನ್ನೆರಡು ವರ್ಷ ಮಾಡಿಸ್ಯಾಳ. ಇನ್ನ ಕಲಿಯೋದೇನು ಉಳದದ?"

ಕಡೀಕ ಅವ್ವ ಒಂದು ಕರಾರಿನ ಮ್ಯಾಲ ಒಪ್ಪಿದ್ಲು. ಹಬ್ಬ ಹುಣ್ಣಿವಿ ಒಂದ ಒಂದು ಕೆಡಬಾರದು, ಬಂದ ಮಂದಿ ಒಂದ ಒಂದು ಮಾತು ಆಡಬಾರದು. ಆಡಿದ್ರ ಮರುದಿನದಿಂದ ಕಾಲೇಜು ಬಂದ್. ಭಾಗ್ಯಾನ ಮಾರಿ ಸಣ್ಣಾತು. ನಾ ಎದಿ ತಟಗೊಂಡು, "ಮನಿ ಜವಾಬ್ದಾರಿ ನಂದು! ನೀ ನಡಿ ಕಾಲೇಜಿಗೆ!" ಅಂದೆ. ಅಕಿ ನನ್ನ ಕಡಿ ನೋಡಿದ ನೋಟಕ್ಕ ನಾ ಒಂದು ವಾರ ಉಬ್ಬಿಕೊಂಡು ತಿರುಗ್ಯಾಡೀನಿ.

ದಿನಾ ಮುಂಜಾನೆ ಸ್ಕೂಟರ್ ಮ್ಯಾಲ ಅಕಿನ್ನ ಸ್ಟೇಷನ್ನಿಗೆ ಮುಟ್ಟಿಸೋದು, ವಾಪಸ್ ಬಂದು ನಾ ಅಕಿ ಪುಸ್ತಕ ತೆಗೆದು ಓದೋದು. ಅಕಿಗಿಂತ ಮೊದಲ ನನಗ ಎಂಬಿಎ ತಲಿಗೇರಿತು. ದಾಸ್ತಾನು, ಉತ್ಪಾದನೆ, ಸಮಯಪಾಲನೆ ಅಂತ ಮನ್ಯಾಗ ಭಾಷಣ ಸುರು ಆತು. ಅವ್ವ ಕಿವ್ಯಾಗಿನ ಮಷಿನ್ ತೆಗೆದು ಕಪಾಟಿನ್ಯಾಗ ಇಟ್ಟಳು.

ಅಷ್ಟರಾಗ ಎಳ್ಳಮಾಸಿ ಬಂತು. ನಮ್ಮ ಕಡಿ ಎಳ್ಳಮಾಸಿ ಅಂದ್ರ ಗೊತ್ತಲ್ರಿ? ಮನಿಮಂದಿಯೆಲ್ಲಾ ಹೊಲಕ್ಕ ಹೋಗಿ, ಭೂಮಿತಾಯಿಗೆ ಚರಗದ ಎಡಿ ಚೆಲ್ಲಿ, ಭಜ್ಜಿ, ಕಡಬು, ಸಜ್ಜಿ ರೊಟ್ಟಿ ಹೊಡಿಯೋದು. ಗುಂಡಗುರ್ತಿಯೊಳಗಿನ ನಮ್ಮ ಹೊಲಕ್ಕ ಪ್ರತಿ ವರ್ಷ ನಮ್ಮ ಆಫೀಸೇ ಬರ್ತದ. ಸಜ್ಜಿ ರೊಟ್ಟಿ ಎಂಟು ದಿನ ಮೊದಲ ಬಡಿದು, ಒಣಗಿಸಿ ಇಡ್ತಾರ. ಭಾಗ್ಯಾನ ಮೊದಲನೇ ಸೆಮಿಸ್ಟರ್ ಪರೀಕ್ಷಾ ನೋಡ್ರಿ, ಹಬ್ಬ ಆದ ಮರುದಿನ! ಅಕಿ ಪುಸ್ತಕ ಮುಚ್ಚಿಟ್ಟು ಹಿಟ್ಟಿನ ಡಬ್ಬಿಗೆ ಕೈ ಹಾಕಿದ್ಲು. ನಾ ಡಬ್ಬಿ ಕಸಗೊಂಡೆ.

"ನೀ ಓದು. ರೊಟ್ಟಿ ಪ್ರಾಜೆಕ್ಟ್ ನಂದು."

"ರೀ, ಬ್ಯಾಡ್ರಿ. ರೊಟ್ಟಿ ಕೆಟ್ರ ನನ್ನ ಕಾಲೇಜು ಹೋಗ್ತದ."

"ನಿನ್ನ ಪುಸ್ತಕ ನಿನಗಿಂತ ಜಾಸ್ತಿ ನಾ ಓದೀನಿ!"

ನಮ್ಮ ಓಣಿ ಸುಂದರಬಾಯಿನ್ನ ಕರೆಸಿದೆ. ಅಕಿ ರೊಟ್ಟಿ ಬಡಿಯೋದ್ರಾಗ ಪಂಟರ್. ಬಡಿಯೋದು ಅಕಿ, ಮ್ಯಾನೇಜ್ ಮಾಡೋದು ನಾ. ಬೇಯಿಸಿದ ರೊಟ್ಟಿನ್ನ ಅಕಿ ಒಲಿ ಬಾಜೂಕ ಆನಿಸಿಟ್ಟು, ಆಮ್ಯಾಲ ಧೋತರದ ಮ್ಯಾಲ ಹರವಿ ಎರಡು ದಿನ ಒಣಗಸ್ತಾಳಂತ. ಎರಡು ದಿನ! ಏನು ಸಮಯದ ಅಪವ್ಯಯ, ಏನು ಸ್ಥಳದ ದುರುಪಯೋಗ! ನಾ ದೊಡ್ಡ ಸ್ಟೀಲ್ ಪೀಪಾಯಿ ತಂದು ಒಲಿ ಮುಂದ ಇಟ್ಟೆ. ಹಂಚಿನ ಮ್ಯಾಲಿಂದ ಸೀದಾ ಪೀಪಾಯಿಗೆ.

"ಸಾಹೇಬ್ರ, ಆರ್ಲಿ ಬಿಡ್ರಿ" ಅಂದ್ಳು ಸುಂದರಬಾಯಿ.

"ನೀ ಬಡಿಯೋದು ನೋಡವಾ. ವ್ಯವಸ್ಥಾ ನಂದು."

ಒಂದ ದಿನದಾಗ ನೂರೈವತ್ತು ರೊಟ್ಟಿ! ಮುಚ್ಚಳ ಬಿಗಿ ಜಡಿದು, ಮ್ಯಾಲ ಒಂದು ಕಾಗದ ಅಂಟಿಸಿದೆ: "ದಾಸ್ತಾನು ೧೫೦. ಹಬ್ಬದ ತನಕ ಮುಚ್ಚಳ ತೆಗೆಯಕೂಡದು. ಆಜ್ಞೆ ಮೇರೆಗೆ, ಶಾಂತಕುಮಾರ." ಅವ್ವ ಬಾಗಲದಾಗ ನಿಂತು ಎಲ್ಲಾ ನೋಡಿ ಸುಮ್ಮ ಒಳಗ ಹೋದ್ಲು. ನಮ್ಮ ಅವ್ವ ಸುಮ್ಮ ಇದ್ದಾಳಂದ್ರ ನಾ ಅವಾಗ ಹುಷಾರಾಗಬೇಕಿತ್ತು.

ಹಬ್ಬದ ದಿನ ಹೊಲದಾಗ ಎಲ್ಲರ ಮುಂದ ನಾನ ಮುಚ್ಚಳ ತೆಗೆದೆ. ರೊಟ್ಟಿ ಮುರಿದ್ರ ಕಟಂ ಅಂತು! ನಮ್ಮ ಆಫೀಸಿನ ದೋಸ್ತ ಗುಲಾಮ್ ದಸ್ತಗೀರ ಆರನೇ ರೊಟ್ಟಿಗೆ ಕೈ ಹಾಕಿ, "ಮಾಶಾಲ್ಲಾ! ಏನ್ ಕಡಕ್ ಆಗ್ಯಾವ್ರಿ ಶಾಂತಣ್ಣ!" ಅಂದ. ನಾ ಬನ್ನಿಗಿಡದ ಬುಡಕ ನಿಂತು ಅರ್ಧಾ ತಾಸು ನನ್ನ ಪದ್ಧತಿ ವಿವರಿಸಿದೆ. ಅವ್ವಗ ಒಂದ ಮಾತೂ ಆಡಲಿಕ್ಕೆ ಜಾಗಾ ಸಿಗಲಿಲ್ಲ. ಭಾಗ್ಯಾನ ಕಾಲೇಜು ಉಳೀತು, ಪರೀಕ್ಷಾ ಪಾಸಾತು. ಉಳಿಸಿದಾವ ಯಾರು? ನಾ. ಮುಂದ ಒಂದೂವರೆ ವರ್ಷ ಈ ಕಥಿ ಕೇಳಲಾರದ ಮನಷ್ಯಾ ನಮ್ಮ ಆಫೀಸಿನ್ಯಾಗ ಉಳಿಲಿಲ್ಲ.

ಕಡೀ ಸೆಮಿಸ್ಟರಿಗೆ ಪ್ರಾಜೆಕ್ಟ್ ಮಂಡನೆ ಇತ್ತು. ಮನಿಯವರೂ ಬರಬಹುದಂತ.

"ಯಾವ ಸಂಸ್ಥಾ ಮ್ಯಾಲ ಬರದೀಯೇ?"

"ಒಂದು ಹಳೀ ಸಂಸ್ಥಾ ರೀ. ಎರಡು ತಲೆಮಾರಿನಿಂದ ನಡೀಲಿಕತ್ತದ."

"ಅದರ ಮ್ಯಾನೇಜರ್ ನನಗ ಗೊತ್ತೇನು?"

"ಭಾಳ ಗೊತ್ತು ಅಂತ ನೀವು ತಿಳ್ಕೊಂಡೀರಿ."

ಮೇ ತಿಂಗಳ ಬಿಸಲಾಗ ನಾ ಲಗ್ನದ ಕೋಟು ಹಾಕ್ಕೊಂಡು ಹೊಂಟೆ. ದಸ್ತಗೀರನ್ನ ನಾ ಕರೆದೆ, ಸುಂದರಬಾಯಿನ್ನ ಅವ್ವ ಕರೆದ್ಲು. ಸುಂದರಬಾಯಿಗ್ಯಾಕ ಎಂಬಿಎ ಅಂತ ಕೇಳಿದ್ರ ಅವ್ವ ಅಕಿ ಕೈ ಹಿಡಕೊಂಡು ಮುಂದ ನಡದ್ಲು.

ಭಾಗ್ಯಾ ಇಳಕಲ್ ಸೀರಿ ಉಟಗೊಂಡು ವೇದಿಕೆ ಏರಿದ್ಲು. ಖರೇ ಹೇಳ್ತೀನಿ, ನನ್ನ ಕಣ್ಣು ತುಂಬಿ ಬಂದ್ವು. ಅಕಿ ಪುಸ್ತಕದ ಭಾಷಾದಾಗ ಸುರು ಮಾಡಿದ್ಲು.

"ಈ ಸಂಸ್ಥೆಯ ವ್ಯವಸ್ಥಾಪಕರು ಬಹಳ ಉತ್ಸಾಹಿಗಳು. ಆದರೆ ಅನುಭವ ಇದ್ದವರ ಮಾತು ಕೇಳುವುದಿಲ್ಲ. ಬೇಗ ಮುಗಿಸುವ ಹುರುಪಿನಲ್ಲಿ, ಇನ್ನೂ ಒಣಗದ ಮಾಲನ್ನು ಗೋದಾಮಿಗೆ ತುಂಬಿಸಿ ಬಾಗಿಲು ಹಾಕಿಸಿದರು. ಮೂರನೇ ದಿನಕ್ಕೆ ಮಾಲಿಗೆಲ್ಲ ಬೂಷ್ಟು ಬಂತು."

"ತೊಗರಿಬ್ಯಾಳಿ ಮಿಲ್ಲು ಇರಬೇಕು" ಅಂತ ನಾ ದಸ್ತಗೀರನ ಕಿವ್ಯಾಗ ಅಂದೆ.

"ಸಂಸ್ಥೆಯ ಹಿರಿಯರು, ವ್ಯವಸ್ಥಾಪಕರು ಹೊರಗೆ ಹೋದ ಹೊತ್ತು ನೋಡಿ, ಕೆಟ್ಟ ಮಾಲನ್ನು ತೆಗೆಸಿದರು. ಕೆಲಸದವರ ಮನೆಯಲ್ಲಿ ಹೊಸ ಮಾಲು ಮಾಡಿಸಿ, ಒಣಗಿಸಿ, ಅದೇ ಗೋದಾಮಿನಲ್ಲಿ ಇಟ್ಟರು. ಗಿರಾಕಿಗಳು ಹೊಗಳಿದರು. ವ್ಯವಸ್ಥಾಪಕರು ಅದು ತಮ್ಮದೇ ಸಾಧನೆ ಎಂದು ಇಂದಿಗೂ ಭಾಷಣ ಮಾಡುತ್ತಿದ್ದಾರೆ."

ನಾ ದಸ್ತಗೀರನ ತೊಡಿ ಮ್ಯಾಲ ಬಡದು ನಕ್ಕೆ. "ಇಂಥಾ ಮಬ್ಬನೂ ಇರ್ತಾನೇನಪಾ!"

ಪ್ರೊಫೆಸರ್ ಮೇಡಂ ಸಭಾದ ಕಡಿ ತಿರುಗಿ, "ಇಂಥ ವ್ಯವಸ್ಥಾಪಕರನ್ನು ಏನು ಮಾಡಬೇಕು? ಯಾರಾದರೂ ಹೇಳಬಹುದು" ಅಂದ್ರು. ಇಂಥಾ ಅವಕಾಶ ಬಿಡ್ತೀನೇನ್ರಿ? ಕೋಟಿನ ಗುಂಡಿ ಹಾಕ್ಕೊಂಡು ಎದ್ದು ನಿಂತೆ.

"ಮೇಡಂ, ಇಂಥಾವನ್ನ ಒಂದ ದಿನಾನೂ ಕುರ್ಚಿ ಮ್ಯಾಲ ಇಡಬಾರದ್ರಿ! ಕೆಲಸದವರ ಮುಂದ ನಿಂದರ್ಸಿ ಕೈ ಮುಗಿಸಬೇಕು. ಆಮ್ಯಾಲ ಮಾಲು ಒಣಗಿಸೋ ಕಡಿ ಕಾವಲಿಗೆ ಹಚ್ಚಬೇಕು!"

ಚಪ್ಪಾಳಿ ಬಿದ್ದುವು. ಸುಂದರಬಾಯಿ ಬಾಯಿಗೆ ಸೆರಗು ತುರುಕೊಂಡು ಅಳ್ಳಾಡಾಕತ್ತಿದ್ಲು. ಅವ್ವ ಫ್ಯಾನು ನೋಡಾಕತ್ತಿದ್ಲು.

"ಸಲಹೆಗೆ ಧನ್ಯವಾದ" ಅಂತ ಹೇಳಿ ಭಾಗ್ಯಾ ಗುಂಡಿ ಒತ್ತಿದ್ಲು. ಪರದೆ ಮ್ಯಾಲ ನನ್ನ ಸ್ಟೀಲ್ ಪೀಪಾಯಿ! ಅದರ ಮ್ಯಾಲಿನ ಕಾಗದ ಕಡೀ ಸಾಲಿನವರಿಗೂ ಕಾಣೋ ಹಂಗ: "ಆಜ್ಞೆ ಮೇರೆಗೆ, ಶಾಂತಕುಮಾರ."

ನಾ ಇನ್ನಾ ನಿಂತೇ ಇದ್ದೆ. ದಸ್ತಗೀರ ಕಾಗದ ಓದಿದ, ನನ್ನ ನೋಡಿದ, ಮತ್ತ ಕಾಗದ ಓದಿದ. ಆಮ್ಯಾಲ ಅವ ನಕ್ಕಿದ್ದು ಶಹಾಬಾದ ತನಕ ಕೇಳಿರಬೇಕು.

"ಅವ್ವ, ನೀನಾ?" ಅಂತ ಕೇಳಿದೆ.

"ಮತ್ತೇನು? ಅಕಿ ಪರೀಕ್ಷಾ ಬಿಟ್ಟು ರೊಟ್ಟಿ ಬಡೀಬೇಕಿತ್ತೇನು? ನಿನ್ನ ರೊಟ್ಟಿ ಎಮ್ಮಿ ಮೂಸಿ ನೋಡಿ ಮಾರಿ ತಿರುವಿತು. ತಿಪ್ಪಿಗೆ ಹಾಕಿಸ್ದೆ."

"ಮತ್ತ ನಿನ್ನ ಕರಾರು?"

"ಹಾಕಿದಾಕಿ ನಾ. ಮುರದಾಕಿ ನಾ. ನೀ ಕುಂದ್ರು ಮೊದ್ಲು."

ನಗು ನಿಂತಮ್ಯಾಲ ಭಾಗ್ಯಾ ಪುಸ್ತಕದ ಭಾಷಾ ಬಿಟ್ಟು ಮಾತಾಡಿದ್ಲು. "ಇನ್ನೊಂದು ಮಾತು ಅದರಿ ಮೇಡಂ. ಈ ಮ್ಯಾನೇಜರ್ ಎರಡು ವರ್ಷ ಮಳೀ ಅನ್ನಲಿಲ್ಲ, ಥಂಡಿ ಅನ್ನಲಿಲ್ಲ, ದಿನಾ ನನ್ನ ರೈಲಿಗೆ ಮುಟ್ಟಿಸ್ಯಾರ. ಒಂದ ದಿನ ರೈಲು ತಪ್ಪಿಲ್ಲ. ಇವರು ಹೂಂ ಅನ್ನದಿದ್ರ ನಾ ಇವತ್ತು ಇಲ್ಲಿ ನಿಂದ್ರತಿದ್ದಿಲ್ಲ." ಮಾನ ಹೋದ ಜಾಗಾದಾಗ ನಿಂತು ನಾ ಕೋಟಿನ ತೋಳಿಲೆ ಕಣ್ಣು ಒರಸ್ಕೊಂಡೆ.

ಅಕಿ ಕಾಲೇಜಿಗೆ ಎರಡನೇಯಾಕಿ ಆಗಿ ಪಾಸಾದ್ಲು. ಈಗ ಶಹಾಬಾದದಾಗ ಒಂದು ಫರಸಿ ಕಂಪನಿಗೆ ಮ್ಯಾನೇಜರ್. ಕಂಪನಿ ಜೀಪು ಮನಿ ಬಾಗಲಿಗೆ ಬರ್ತದ. ಮೊದಲನೇ ತಿಂಗಳ ಅಕಿ ಗೌಂಡಿನ್ನ ಕರೆಸಿ ಬಚ್ಚಲದ ಇಳಿಜಾರು ಸರಿ ಮಾಡಿಸಿದ್ಲು. ನಾ ಸುಮ್ಮ ಕುಂತಿದ್ದೆ.

ನಾ ಸೂಚಿಸಿದ ಶಿಕ್ಷಾನೂ ಜಾರಿ ಆಗ್ಯಾದ. ಈ ಎಳ್ಳಮಾಸಿಗೆ ಸುಂದರಬಾಯಿ ರೊಟ್ಟಿ ಬಡಿದು ಮಾಳಗಿ ಮ್ಯಾಲ ಧೋತರದಾಗ ಹರವ್ಯಾಳ. ಕೈಯಾಗ ಕೋಲು ಹಿಡಕೊಂಡು ಕಾಗಿ ಕಾಯೋದು ನಾ. ಮೊನ್ನೆ ಮುಂಜಾನೆ ಹಂಗ ಕುಂತಾಗ ಕೆಳಗ ಜೀಪು ಬಂತು, ಭಾಗ್ಯಾ ಹತ್ತಿ ಹೋದ್ಲು. ಬಾಜೂ ಮನಿಗೆ ಹೊಸದಾಗಿ ಬಾಡಿಗಿ ಬಂದ ಜೈಬುನ್ನೀಸಾ ಬೇಗಂ ಅವರ ಮಾಳಗಿ ಮ್ಯಾಲ ಅರಿವಿ ಒಣಹಾಕ್ತಾ, "ಯಾರ್ರೀ ಭಾಯಿ, ಜೀಪಿನ್ಯಾಗ ಹೋದ ಮೇಡಂ?" ಅಂತ ಕೇಳಿದ್ರು.

ಕೋಲು ಕೆಳಗಿಟ್ಟು ಎದ್ದು ನಿಂತೆ. "ನನ್ನ ಹೆಂಡ್ತಿರಿ! ಮೊದಲ ಎಂಜಿನಿಯರಿಂಗ್ ಮಾಡ್ಯಾಳ, ಅದರ ಮ್ಯಾಲ ಎಂಬಿಎ..." ಅಂತ ಸುರು ಮಾಡಿ ಪೂರ್ತಿ ಕಥಿ ಹೇಳಿದೆ. ಹೇಳಿ ಮುಗಿಸಿ ಹೊಳ್ಳಿ ನೋಡೋದ್ರಾಗ ಕಾಗಿ ಒಂಬತ್ತು ರೊಟ್ಟಿ ಒಯ್ದಿದ್ವು.

ಈ ಸುದ್ದಿ ಮಾತ್ರ ನಾ ಇನ್ನಾ ಯಾರಿಗೂ ಹೇಳಿಲ್ಲ.